ಬಿಟ್ಟುಹೋದ ಒಂದು

“ಯಾವ ವೈರೂ ಮುಟ್ಟಿಲ್ಲ ಮೇಡಂ, ನನ್ನ ಮಕ್ಕಳಾಣೆ,” ಎಂದಳು ಕಸ ಗುಡಿಸುವಾಕೆ, ಮೂರನೆಯ ಸಲ.

ರಕ್ತಪರೀಕ್ಷೆಯ ಆ ಲ್ಯಾಬಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ನೆಟ್‌ವರ್ಕ್ ಕೈಕೊಟ್ಟಿತ್ತು. ಐದು ನಿಮಿಷ ಬಂದರೆ ಹತ್ತು ನಿಮಿಷ ನಾಪತ್ತೆ. ರಿಪೋರ್ಟುಗಳು ಇದ್ದಲ್ಲೇ ಕೂತಿದ್ದವು. ಆಸ್ಪತ್ರೆಗಳಿಂದ ಫೋನಿನ ಮೇಲೆ ಫೋನು. ಕೌಂಟರಿನಾಕೆ ಅಂಕಿಗಳನ್ನು ಓದಿ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದಳು.

ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ವೈರಕ್ಕ ಎನ್ನುತ್ತಿದ್ದರು. “ಗುಡಿಸುವಾಗ ಯಾವುದೋ ವೈರು ಎಳೆದಿರ್ತಾಳೆ, ಇನ್ನೇನು,” ಎಂದು ಅವಳು ಯೋಚಿಸದೆ ಅಂದುಬಿಟ್ಟಿದ್ದಳು. ಆ ಮಾತನ್ನೇ ಮ್ಯಾನೇಜರು ಗಟ್ಟಿಯಾಗಿ ಹಿಡಿದುಕೊಂಡರು. “ನಾಳೆಯಿಂದ ಬರೋದು ಬೇಡ ಅಂತ ಹೇಳಿಬಿಡ್ತೀನಿ.”

ಆದರೆ ಟೇಬಲ್ಲುಗಳ ಕೆಳಗೆ ತೆವಳಿ ನೋಡಿದರೆ ವೈರುಗಳೆಲ್ಲ ಭದ್ರವಾಗಿದ್ದವು. ವೈರಕ್ಕ ಮಂಡಿ ಒರೆಸಿಕೊಂಡು ಎದ್ದು, ಮಹಡಿ ಹತ್ತಿ, ಎಲ್ಲ ವೈರುಗಳೂ ಬಂದು ಸೇರುವ ಕಪಾಟಿನ ಮುಂದೆ ನಿಂತಳು. ಒಂದೊಂದೇ ಕಿತ್ತಳು, ಕಾದಳು, ಮತ್ತೆ ಚುಚ್ಚಿದಳು. ಹದಿನಾಲ್ಕನೆಯದನ್ನು ಕಿತ್ತಾಗ ಕೆಳಗಿನಿಂದ “ಬಂತು!” ಎಂಬ ಕೂಗು ಕೇಳಿತು. ಹತ್ತು ನಿಮಿಷ ಕಳೆದರೂ ನೆಟ್‌ವರ್ಕ್ ಹೋಗಲಿಲ್ಲ.

ಆ ವೈರು ಹೋಗಿದ್ದು ಪಕ್ಕದ ಕೋಣೆಯ ಹೊಸ ಪ್ರಿಂಟರಿಗೆ. ರಕ್ತದ ಸೀಸೆಗಳಿಗೆ ಚೀಟಿ ಅಚ್ಚು ಹಾಕುವ ಪುಟ್ಟ ಯಂತ್ರ. ಶನಿವಾರ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಅವಳೇ ಅದನ್ನು ಜೋಡಿಸಿ ಆರಿಸಿ ಹೋಗಿದ್ದಳು. ಇವತ್ತು ಬೆಳಿಗ್ಗೆಯೇ ಮೊದಲ ಸಲ ಯಾರೋ ಆನ್ ಮಾಡಿದ್ದರು. ವೈರಕ್ಕ ಅದರ ಗುಂಡಿ ಒತ್ತಿ ಹಿಡಿದಳು. ಯಂತ್ರ ನೆಟ್‌ವರ್ಕಿನಲ್ಲಿ ತನ್ನ ವಿಳಾಸವಾದ ನಂಬರನ್ನು ಅಚ್ಚು ಹಾಕಿ ಕೊಟ್ಟಿತು. ಕೊನೆಯಲ್ಲಿ ಹನ್ನೊಂದು ಇರಬೇಕಾದಲ್ಲಿ ಬರೀ ಒಂದು. ಇಡೀ ಆಫೀಸಿನ ಸಂಪರ್ಕ ಹಾದುಹೋಗುವ ಮುಖ್ಯ ಪೆಟ್ಟಿಗೆಯ ನಂಬರೂ ಅದೇ. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರು ಬರೆದಂತಾಗಿತ್ತು. ಕಾಗದಗಳು ಅರ್ಧ ಅಲ್ಲಿಗೆ, ಅರ್ಧ ಇಲ್ಲಿಗೆ.

ವೈರಕ್ಕನ ಕಿವಿ ಬಿಸಿಯಾಯಿತು. ಇನ್ನೊಂದು ‘ಒಂದು’ ಒತ್ತಿದಳು. ಮುಗಿಯಿತು, ಅರ್ಧ ನಿಮಿಷದ ಕೆಲಸ.

“ಸರಿಹೋಯ್ತಲ್ಲ! ವೈರೇ ತಾನೆ?” ಮ್ಯಾನೇಜರು ಮೆಟ್ಟಿಲ ಕೆಳಗಿನಿಂದಲೇ ಕೇಳಿದರು.

ಹೂಂ ಅಂದರೆ ಸಾಕಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು.

“ವೈರಲ್ಲ ಸಾರ್,” ಎಂದಳು, ಕೌಂಟರಿಗೂ ಕೇಳುವಷ್ಟು ಜೋರಾಗಿ. “ನಂಬರು ತಪ್ಪಿತ್ತು. ತಪ್ಪು ಹಾಕಿದ್ದು ನಾನೇ. ಆಕೆಯನ್ನ ಬಿಡಿಸೋ ಮಾತು ಬೇಡ.”

ಮ್ಯಾನೇಜರು “ನೀವಾ?” ಎಂದರು. ಆಮೇಲೆ ಒಳಗೆ ಹೋದರು.

ಗುಡಿಸುವಾಕೆ ಹಿಂಬಾಗಿಲ ಹತ್ತಿರ, ಕೆಲಸದ ನೀಲಿ ಕೋಟು ಬಿಚ್ಚಿ ಮಡಿಚಿ, ಚೀಲ ಹೆಗಲಿಗೇರಿಸಿ ನಿಂತಿದ್ದಳು.

“ನನ್ನಿಂದ ತಪ್ಪಾಯ್ತಮ್ಮ,” ಎಂದಳು ವೈರಕ್ಕ.

“ನಾನು ಮುಟ್ಟಿಲ್ಲ ಅಂತ ಬೆಳಿಗ್ಗೆಯಿಂದ ಅದನ್ನೇ ತಾನೆ ಹೇಳ್ತಾ ಇರೋದು?”

ಗುಡಿಸುವಾಕೆ ವೈರಕ್ಕನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಚೀಲ ಇಳಿಸಿ ಅವಳ ಕೈಗೆ ಕೊಟ್ಟು, “ಸ್ವಲ್ಪ ಹಿಡ್ಕೊಳ್ಳಿ,” ಎಂದು ಕೋಟು ಬಿಡಿಸಿದಳು. ತೋಳು ತೂರಿಸಿ, ಅವಸರವೇ ಇಲ್ಲದವಳಂತೆ, ಕೆಳಗಿನಿಂದ ಒಂದೊಂದೇ ಗುಂಡಿ ಹಾಕಿಕೊಳ್ಳತೊಡಗಿದಳು. ವೈರಕ್ಕ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು.