ಹಿಂದಿನ ಚಕ್ರದೊಳಗೆ ಇದ್ದದ್ದು

ಗಡಹಿಂಗ್ಲಜದ ಗುಡ್ಡದ ಸ್ಪರ್ಧೆಯ ದಿನ ಬೆಳಿಗ್ಗೆ ಲಖನ್‌ನ ಸೈಕಲ್ಲಿನ ಹಿಂದಿನ ಚಕ್ರದೊಳಗಿದ್ದ ಫೋಮ್ ಉಂಗುರವನ್ನು ತೆಗೆದು ನಿಖಿಲನ ಚಕ್ರಕ್ಕೆ ಹಾಕಲಾಯಿತು, ಲಖನ್‌ಗೆ ಹೇಳಲಿಲ್ಲ. ತೆಗೆದ ಕೈ ಇದೇ, ಈಗ ಇದರ ಮೇಲೆ ಬಿಳಿ ಸೀಲಂಟ್ ಒಣಗುತ್ತಿದೆ, ಬೆರಳು ಮಡಚಿದರೆ ತೆಳು ಪೊರೆಯಾಗಿ ಬಿರಿಯುತ್ತದೆ, ಉಜ್ಜಿದರೆ ಸಣ್ಣ ಸಣ್ಣ ರಬ್ಬರಿನ ಎಳೆಗಳಾಗಿ ಉದುರುತ್ತದೆ — ಒಣಗುವ ಮೊದಲೇ ಒರೆಸಬೇಕಿತ್ತು, ಬಟ್ಟೆ ಎಲ್ಲೋ ಇಟ್ಟಿದ್ದೇನೆ, ಗೋಡೆಯ ಗಡಿಯಾರದಲ್ಲಿ ಹತ್ತೂ ಹತ್ತು, ಹನ್ನೊಂದಕ್ಕೆ ಸ್ಪರ್ಧೆಯ ಸಮಿತಿಯ ಸಾಹೇಬರು ಅಂಗಡಿಗೆ ಬರುತ್ತಾರೆ, ಅಷ್ಟರೊಳಗೆ, ಹಳೆ ಸೀಲಂಟ್ ಬದಲಿಸಲೆಂದು ಬಿಚ್ಚಿದ ನಿಖಿಲನ ಈ ಚಕ್ರ ಮುಚ್ಚಬೇಕು. ಮುಚ್ಚುವುದೆಂದರೆ ಫೋಮ್ ಟಯರಿನೊಳಗೆ ಹೋಗಬೇಕು, ಟಯರಿನ ಎರಡೂ ಅಂಚು ರಿಮ್ಮಿನ ತೋಡಿಗೆ ಇಳಿಯಬೇಕು, ಇಳಿದ ಮೇಲೆ ಹೊರಗಿನಿಂದ ಯಾರಿಗೂ ಏನೂ ಕಾಣದು, ಕಪ್ಪು ಟಯರು, ಅಷ್ಟೇ. ಹೊರಗೆ ಬೆಲ್ಲದ ಪೇಟೆಯ ಕಡೆಯಿಂದ ಗಾಡಿಗಳು, ಗಾಳಿ ಬೀಸಿದಾಗ ಬೆಲ್ಲದ ವಾಸನೆ, ಬೀಸದಿದ್ದಾಗ ಸೀಲಂಟಿನ ವಾಸನೆ. ಹಣದ ಗಲ್ಲೆಯ ಹಿಂದೆ ಬಾಳಗೊಂಡ ಅಣ್ಣಾರು ಫೋನಿನಲ್ಲಿದ್ದಾರೆ, ಅಂಗಡಿ ಅವರದು, ಅಂಗಡಿಯ ಹೆಸರಿನ ಸೈಕಲ್ ಕ್ಲಬ್ಬೂ ಅವರದು, ನಿಖಿಲ ಅವರ ಮಗ, ಗಿರಾಕಿಯೊಂದಿಗೆ ಮರಾಠಿ, ಮುಂಬೈ ಡೀಲರನೊಂದಿಗೆ ಹಿಂದಿ, ನನಗೆ ಕೆಲಸ ಹೇಳುವಾಗ ಮಾತ್ರ ಕನ್ನಡ, ಒಂದೇ ಮನೆಯವರ ಹಾಗೆ. ಮುಗೀತೇನೋ ಕೃಷ್ಣಾತ? ಆಗಾಕತ್ತೈತ್ರಿ ಅಣ್ಣಾರ. ಲಗೂ ಮಾಡು. ಹೌದ್ರಿ. ಫೋಮ್ ಹಾಕುವ ಕೆಲಸ ಲಗೂ ಆಗುವುದಿಲ್ಲ, ಅದು ಅವರಿಗೂ ಗೊತ್ತು, ಟಯರಿನ ಅಂಚು ಮುಕ್ಕಾಲು ಸುತ್ತು ಸುಮ್ಮನೆ ಕೂರುತ್ತದೆ, ಕಡೆಯ ಗೇಣು ಮಾತ್ರ ಜಗಳಕ್ಕೆ ನಿಲ್ಲುತ್ತದೆ, ಒಳಗಿನ ಫೋಮ್ ಹೊರಗೆ ದಬ್ಬುತ್ತದೆ, ನಾವು ಒಳಗೆ ದಬ್ಬಬೇಕು, ಎರಡೂ ಹೆಬ್ಬೆರಳು ಬಿಳಿಚಿಕೊಳ್ಳುವ ತನಕ.

ಟ್ಯೂಬ್ ಇಲ್ಲದ ಟಯರು ಇದು, ಒಳಗೆ ಗಾಳಿ, ತೂತು ಬಿದ್ದರೆ ತಾನೇ ಮುಚ್ಚಲೆಂದು ಒಂದಿಷ್ಟು ಸೀಲಂಟ್, ರಿಮ್ಮಿನ ಸುತ್ತ ಉಂಗುರದಂತೆ ಈ ಫೋಮ್ — ಗುಡ್ಡದ ಇಳಿಜಾರಿನಲ್ಲಿ ಕಲ್ಲು ಬಡಿದಾಗ ಪೆಟ್ಟು ರಿಮ್ಮಿಗೆ ತಾಗದೆ ಫೋಮಿಗೆ ತಾಗುತ್ತದೆ, ಆ ನಂಬಿಕೆಯ ಮೇಲೆ ಗಾಳಿ ಕಡಿಮೆ ಇಡಬಹುದು, ಕಡಿಮೆ ಇಟ್ಟರೆ ಟಯರು ಕಲ್ಲನ್ನು ಹಿಡಿದು ಹತ್ತುತ್ತದೆ, ಜಾರುವುದಿಲ್ಲ. ಲಖನ್ ಹಿಂದಿನ ಚಕ್ರದಲ್ಲಿ ಹದಿನೆಂಟು ಪೌಂಡ್ ಗಾಳಿ ಇಡುತ್ತಾನೆ, ಫೋಮ್ ಇಲ್ಲದಿದ್ದರೆ ಇಪ್ಪತ್ತೈದಕ್ಕಿಂತ ಕೆಳಗೆ ಇಳಿಯಕೂಡದು, ಹದಿನೆಂಟು ಎನ್ನುವ ಅಂಕಿ ಗಾಳಿಯದಲ್ಲ, ಫೋಮಿನದು. ನಿಖಿಲನ ಫೋಮ್ ಪರದೇಶದ ಡಬ್ಬಿಯಲ್ಲಿ ಬಂತು. ಲಖನ್ ಇಚಲಕರಂಜಿಯ ಶಹಾಪುರದಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುವವನು, ನನ್ನ ಚಿಕ್ಕವ್ವನ ಮಗ, ಪಾಳಿ ಮುಗಿಸಿ ಕ್ಲಬ್ಬಿನ ಸೈಕಲ್ ಹತ್ತುವವನು, ಅವನಿಗೆ ಯಾವ ಡಬ್ಬಿಯೂ ಬರಲಿಲ್ಲ, ನಾವೇ ಮಾಡಿದೆವು. ಮೊದಲು ಹಾಸಿಗೆಯ ಫೋಮ್ ಕತ್ತರಿಸಿ ಹಾಕಿದೆವು, ಅದು ಸೀಲಂಟನ್ನೆಲ್ಲ ಕುಡಿದು ಎತ್ತಲಾರದಷ್ಟು ಭಾರವಾಯಿತು, ಅವ್ವ ಚಪ್ಪಲಿ ಹೊಲಿಯುತ್ತ ಕೂತಲ್ಲಿಂದಲೇ ನಕ್ಕಳು, ಹಾಸಿಗಿ ಹಾಕಿ ಗಾಲೀನ ಮಲಗಸ್ತೀರೇನ್ರೋ? ಆಮೇಲೆ ಅವಳೇ ಅಟ್ಟದಿಂದ ಚಪ್ಪಲಿ ತಳಕ್ಕೆ ಹಾಕುವ ದಪ್ಪ ಹಾಳೆ ಇಳಿಸಿದಳು, ಇದು ಮಳಿಗಾಲದಾಗ ನೀರ ಕುಡಿಯೂದಿಲ್ಲ, ನಿಮ್ಮ ಬಿಳಿ ರಾಡಿ ಏನ್ ಕುಡೀತೈತಿ. ಮೂರು ಹಾಳೆ ಒಂದರ ಮೇಲೊಂದು ಅಂಟಿಸಿ, ಚರ್ಮ ಕೊಯ್ಯುವ ರಾಪಿಯಿಂದ ಅಂಚು ತಿದ್ದಿ ಉದ್ದನೆಯ ದುಂಡು ಪಟ್ಟಿ ಮಾಡಿದಳು. ಎರಡು ತುದಿ ಕೂಡಿಸುವಾಗ ನಾನು ನೆಟ್ಟಗೆ ಕೊಯ್ದಿದ್ದೆ, ಕೈಗೆ ಏಟು ಹಾಕಿದಳು, ಈ ರಂಗುಬಾಯಿ ಮಗ ಆಗಿ ಕೂಡಿಕಿ ಗೊತ್ತಿಲ್ಲೇನು, ಓರೆ ಕೊಯ್ಯಬೇಕು, ಒಂದರ ಮ್ಯಾಲ ಒಂದ ಮಲಗಬೇಕು, ನೆಟ್ಟಗ ಕೊಯ್ದ್ರ ಮೊದಲನೇ ಪೆಟ್ಟಿಗೇ ಬಿಚ್ಚತೈತಿ. ಓರೆ ಕೊಯ್ದು, ಸೊಲ್ಯೂಷನ್ ಹಚ್ಚಿ, ಮೇಣ ಸವರಿದ ಹಸಿರು ದಾರದಲ್ಲಿ ಒಂಬತ್ತು ಹೊಲಿಗೆ, ಹಸಿರು ಏಕೆಂದರೆ ಆ ವಾರ ಹಸಿರು ದಾರದ ಚಪ್ಪಲಿಗೆ ಆರ್ಡರಿತ್ತು, ಬೇರೆ ಕಾರಣವಿಲ್ಲ. ಲಖನ್ ಹೊಲಿಗೆ ಎಣಿಸಿ ನೋಡಿದ, ದೊಡ್ಡವ್ವಾ, ಇದು ನನ್ನಕಿಂತ ಹೆಚ್ಚ ಬಾಳತೈತಿ. ಬಾಯಿ ಮುಚ್ಚು, ಹಂಗೆಲ್ಲಾ ಅನಬಾರದು, ಅಂದಳು ಅವ್ವ. ಆರು ತಿಂಗಳು ಬಾಳಿತು, ಒಮ್ಮೆಯೂ ಬಿಚ್ಚಲಿಲ್ಲ, ಈಗಲೂ ಬಿಚ್ಚಿಲ್ಲ, ಇಲ್ಲಿಯೇ ಇದೆ, ನನ್ನ ಎಡಗೈಯ ಕೆಳಗೆ, ಒಂಬತ್ತೂ ಹೊಲಿಗೆ.

ಗಡಹಿಂಗ್ಲಜದಲ್ಲಿ ಆ ದಿನ ಏಳೂವರೆಗೆ ಬಿಸಿಲು ಇನ್ನೂ ಶಾಲೆಯ ಮೈದಾನಕ್ಕೆ ಇಳಿದಿರಲಿಲ್ಲ, ಸೈಕಲ್ಲುಗಳನ್ನು ಕಾಂಪೌಂಡಿಗೆ ಒರಗಿಸಿದ್ದೆವು, ಹಿಂದಿನ ದಿನವೇ ಎಲ್ಲಾ ತಪಾಸಣೆ ಮಾಡಿ ಸಮಿತಿಗೆ ಕೊಡುವ ಕಾರ್ಡು ತುಂಬಿದ್ದೆ, ಲಖನ್, ಹಿಂದಿನ ಚಕ್ರ, ಫೋಮ್ ಇದೆ, ಕೆಳಗೆ ನನ್ನ ಸಹಿ. ನಿಖಿಲನ ಪರದೇಶಿ ಫೋಮ್ ಹಿಂದಿನ ಸಂಜೆಯ ಅಭ್ಯಾಸದ ಓಟದಲ್ಲಿ ಕಲ್ಲಿಗೆ ಸಿಕ್ಕು ಹರಿದಿತ್ತು, ಬೆಳಿಗ್ಗೆ ಬಿಚ್ಚಿದಾಗ ಎರಡು ತುಂಡಾಗಿ ಬಂತು, ಇನ್ನೊಂದು ತಂದಿರಲಿಲ್ಲ. ಅಣ್ಣಾರು ಸುತ್ತ ನೋಡಿದರು, ಲಖನ್ ಎದೆಗೆ ಹಚ್ಚುವ ನಂಬರ್ ತರಲು ಹೋಗಿದ್ದ, ಲಖನ್‌ದು ತಗದ ನಿಖಿಲಗ ಹಾಕು. ಅಣ್ಣಾರ, ಅವಂಗ? ಅಂವ ಹಗೂರ ಅದಾನ, ಐವತ್ತೆರಡ ಕಿಲೋ, ಅವಂಗೇನಾಗ್ತೈತಿ, ಗಾಳಿ ತುಸು ಹೆಚ್ಚ ತುಂಬಿಬಿಡು. ಹೇಳಲೇನ್ರಿ ಅವಂಗ? ಈಗ ಹೇಳಿ ಅಂಜಸ್ತೀಯೇನು? ಓಟ ಮುಗೀಲಿ, ನಾನಽ ಹೇಳ್ತೀನಿ. ಹೌದ್ರಿ, ಅಂದೆ. ಹೌದ್ರಿ ಎನ್ನುವುದು ಬಾಯಿಯ ಕೆಲಸ, ಕೈ ಆಗಲೇ ಟಯರು ಬಿಚ್ಚುವ ಲಿವರ್ ಹಿಡಿದಿತ್ತು, ಇಪ್ಪತ್ತು ನಿಮಿಷದಲ್ಲಿ ಬಿಚ್ಚಿದೆ, ಹಾಕಿದೆ, ಲಖನ್‌ನ ಚಕ್ರಕ್ಕೆ ಇಪ್ಪತ್ತೇಳು ತುಂಬಿದೆ, ಚೊಕ್ಕ ಕೆಲಸ, ನಂಬರ್ ಹಚ್ಚಿಕೊಂಡು ಬಂದವನಿಗೆ ಏನೂ ತಿಳಿಯಲಿಲ್ಲ. ಹೊರಡುವ ಗೆರೆಯ ಮೇಲೆ ನಿಂತು ಅವನು ಬಗ್ಗಿ ಹೆಬ್ಬೆರಳಿನಿಂದ ಟಯರು ಒತ್ತಿದ, ಯಾವಾಗಲೂ ಒತ್ತುತ್ತಾನೆ, ಮಗ್ಗದ ಮೇಲೆ ಹಾಸಿನ ಎಳೆ ಬಿಗಿಯಿದೆಯೋ ಇಲ್ಲವೋ ಎಂದು ನೋಡುವ ಹೆಬ್ಬೆರಳು, ಗೇಜನ್ನು ಆಮೇಲೆ ನಂಬುತ್ತಾನೆ. ದಾದಾ, ಕಲ್ಲಾಗೈತಲ್ಲೋ ಇದು. ಹೆಬ್ಬೆರಳು ತೆಗೆಯದೆ ಮುಖ ಎತ್ತಿ ನನ್ನನ್ನು ನೋಡಿದ, ಒಳಗ ದೊಡ್ಡವ್ವಂದು ಐತಲ್ಲ? ಹೆಬ್ಬೆರಳಿಗೆ ಫೋಮ್ ಸಿಗುವುದಿಲ್ಲ, ಅದು ಕೆಳಗೆ ರಿಮ್ಮಿಗೆ ಅಂಟಿಕೊಂಡಿರುತ್ತದೆ, ಬೆರಳಿಗೆ ಸಿಗುವುದು ಗಾಳಿ ಮಾತ್ರ, ಅದಕ್ಕೇ ಕೇಳಿದ. ಮೂರು ಮಾರು ದೂರದಲ್ಲಿ ಅಣ್ಣಾರು ನಿಖಿಲನ ಬೆನ್ನು ತಟ್ಟುತ್ತಿದ್ದರು. ನಾನು ತಲೆ ಆಡಿಸಿದೆ. ಅವನು ವಾಲ್ವ್ ಒತ್ತಿ ಗಾಳಿ ಬಿಟ್ಟ, ಸುಸ್, ಗೇಜು ಹಚ್ಚಿ ನೋಡಿದ, ಇನ್ನೊಮ್ಮೆ ಸುಸ್, ಇಪ್ಪತ್ತೆರಡು, ಇಪ್ಪತ್ತು, ಗೇಜಿನ ಮುಳ್ಳು ಹದಿನೆಂಟರ ಮೇಲೆ ಬಂದು ನಿಂತಿತು, ನಾನು ನೋಡುತ್ತ ನಿಂತಿದ್ದೆ, ಕೈಯಲ್ಲಿ ಪಂಪ್ ಇತ್ತು.

ಇಳಿಜಾರಿನ ಮೂರನೇ ತಿರುವಿನಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲಿನಂಥ ಜಾಗ, ಎಲ್ಲರೂ ಅಲ್ಲಿಂದಲೇ ಹಾರುತ್ತಾರೆ, ಲಖನ್‌ನ ರಿಮ್ಮು ಕಲ್ಲಿಗೆ ನೇರ ಬಡಿದು ಸೀಳಿತು, ಟಯರು ಕಿತ್ತು ಬಂತು, ಬಲಗೈ ಮಣಿಕಟ್ಟಿನ ಎರಡೂ ಎಲುಬು ಮುರಿದವು. ನಿಖಿಲ ಮೂರನೆಯವನಾಗಿ ಬಂದ. ಓಟ ಮುಗಿದ ಮೇಲೆ ನಾನಽ ಹೇಳ್ತೀನಿ ಎಂದಿದ್ದವರು ಹೇಳಲಿಲ್ಲ, ದವಾಖಾನೆಗೆ ಹಣ್ಣು ಕಳಿಸಿದರು, ಒಯ್ದವನು ನಾನು. ಸರಕಾರಿ ದವಾಖಾನೆಯ ಮಂಚದ ಮೇಲೆ ಲಖನ್ ಎಡಗೈಯಿಂದ ಮೋಸಂಬಿ ಸುಲಿಯಲು ನೋಡುತ್ತಿದ್ದ, ಬಲಗೈ ಬೆರಳುಗಳು ಪ್ಲಾಸ್ಟರಿನಿಂದ ಹೊರಗೆ ಬಾತುಕೊಂಡಿದ್ದವು, ಕಡಿದ ಎಳೆ ಕಟ್ಟುವ ಬೆರಳುಗಳು, ಶೆಡ್ಡಿನಲ್ಲಿ ಆ ನಾಲ್ಕು ಮಗ್ಗಕ್ಕೆ ಆಗಲೇ ಬೇರೆಯವನು ಬಂದಿದ್ದ. ತಪ್ಪ ನಂದ ಐತಿ ದಾದಾ, ಅಂದ, ಹದಿನೆಂಟರ ಕೆಳಗ ಇಳದಿತ್ತೇನೋ ಗಾಳಿ, ಅವಸರದಾಗ ನೋಡಲಿಲ್ಲ. ಹದಿನೆಂಟೇ ಇತ್ತು, ನಾನು ನೋಡಿದ್ದೆ, ಮೋಸಂಬಿ ಇಸಿದುಕೊಂಡು ಸುಲಿದು ಕೊಟ್ಟೆ. ದೊಡ್ಡವ್ವಗ ಹೇಳಬ್ಯಾಡ, ತನ್ನ ಫೋಮ್ ಸರಿ ಇದ್ದಿಲ್ಲಂತ ತಿಳಕೊಂಡಾಳು. ಅವ್ವ ಆಗಲೇ ತಿಳಿದುಕೊಂಡಿದ್ದಳು. ಮನೆಗೆ ಹೋದ ಕೂಡಲೇ, ದಬ್ಬಣ ಕೆಳಗಿಟ್ಟು, ಯಾವ ಹೊಲಿಗಿ ಬಿಚ್ಚಿತೋ? ಬಿಚ್ಚಿಲ್ಲ ಬೇ. ಹಂಗಾರ ಹುಡುಗ ಹ್ಯಾಂಗ ಬಿದ್ದ? ನಾನು ಕೈ ತೊಳೆಯಲು ಹೋದೆ. ಅಂದಿನಿಂದ ಅವಳು ಕೂಡಿಕೆಗೆ ಒಂಬತ್ತರ ಬದಲು ಹದಿನೈದು ಹೊಲಿಗೆ ಹಾಕುತ್ತಾಳೆ, ಚಪ್ಪಲಿಗೂ, ಯಾರೂ ಕೇಳದಿದ್ದರೂ.

ಮೂರು ದಿನದ ಹಿಂದೆ ಸಮಿತಿಯ ಕಾಗದ ಬಂತು, ಜೊತೆಗೆ ಗುಡ್ಡದ ಮೇಲೆ ಅವರ ಮನುಷ್ಯ ತೆಗೆದ ಫೋಟೊ, ಒಡೆದ ರಿಮ್ಮು, ಬಾಯಿ ಬಿಟ್ಟ ಟಯರು, ಒಳಗೆ ಖಾಲಿ. ಕಾರ್ಡಿನಲ್ಲಿ ಫೋಮ್ ಇದೆ ಎಂದಿದೆ, ಟಯರಿನಲ್ಲಿ ಇಲ್ಲ, ತಪಾಸಣೆಯಾದ ಮೇಲೆ ಸವಾರನೇ ತೆಗೆದಿದ್ದರೆ ಎರಡು ವರ್ಷ ಯಾವ ಸ್ಪರ್ಧೆಯಲ್ಲೂ ಇಳಿಯುವಂತಿಲ್ಲ, ಬೇರೆಯವರು ತೆಗೆದಿದ್ದರೆ ಯಾರು. ಇವತ್ತು ಬೆಳಿಗ್ಗೆ ಅಣ್ಣಾರು ಒಂದು ಬಿಳಿ ಹಾಳೆ ಬೆಂಚಿನ ಮೇಲಿಟ್ಟರು, ಹಾರಬಾರದೆಂದು ಅದರ ಮೇಲೆ ನನ್ನದೇ ಲಿವರ್ ಇಟ್ಟರು, ನೀನಽ ಬರಿ, ಮರಾಠ್ಯಾಗ ಬರಿ, ಓಟದ ಮುಂಜಾನೆ ಭಾರ ಕಮ್ಮಿ ಆಗಲಿ ಅಂತ ಲಖನ್ ತಾನಽ ತಗದ, ನಾ ಬ್ಯಾಡಂದ್ರೂ ಕೇಳಲಿಲ್ಲ, ಅಷ್ಟಽ. ಅಣ್ಣಾರ, ಅವಂಗ ಎರಡ ವರ್ಷ ಹೋಗ್ತಾವ್ರಿ. ಆ ಕೈಲೆ ಅಂವ ಇನ್ನ ಸೈಕಲ್ ಹೊಡೀತಾನಂತ ತಿಳದೀಯೇನು? ಡಾಕ್ಟರ್ ನಾಲ್ಕ ತಿಂಗಳಂದಾರ್ರಿ. ಡಾಕ್ಟರ್ ಅಂತಾರ. ಆಮೇಲೆ ದನಿ ಇಳಿಸಿ, ಮೆತ್ತಗೆ, ಹೆಗಲ ಮೇಲೆ ಕೈ ಇಟ್ಟು, ಇಲ್ಲಿ ದುಡಿದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಕೈ ನನ್ನ ಹೆಗಲಿನ ಮೇಲೆ, ಕಾರ್ಡಿನ ಮ್ಯಾಲ ನಿನ್ನ ಸಹಿ ಐತಿ ಕೃಷ್ಣಾತ, ನಂದಲ್ಲ, ನಾ ನಿನ್ನ ಉಳಸಾಕ ನೋಡಾಕತ್ತೇನಿ. ಅವನ ದವಾಖಾನಿ ನಾ ನೋಡ್ಕೋತೀನಿ. ಮೊದಲ ಆ ಗಾಲಿ ಮುಚ್ಚು, ಆ ಹಸರ ದಾರ ಕಣ್ಣಿಗೆ ಬೀಳತೈತಿ. ನಿಜ, ಬೀಳುತ್ತದೆ. ಒಂಬತ್ತು ಗಂಟೆಗೆ ನಿಖಿಲನಿಗೂ ಬಿತ್ತು, ಚಹಾದ ಗ್ಲಾಸು ಹಿಡಿದು ಬಗ್ಗಿ ನೋಡಿದ, ಅರೆ, ಹೊಲಿಗಿ ಹಾಕೀಯಲ್ಲ, ಮಸ್ತ ಐತಿ, ಯಾರ ಮಾಡಿದ್ದು? ಅವನಿಗೆ ಗೊತ್ತಿಲ್ಲ, ತನ್ನ ಚಕ್ರದೊಳಗೆ ಯಾರ ಕೈ ಇದೆ ಎಂದು ಕೇಳುವ ಪ್ರಸಂಗವೇ ಅವನಿಗೆ ಬಂದಿಲ್ಲ, ನಮ್ಮವ್ವ, ಅಂದೆ, ನಿಮ್ಮ ಆಯಿಗೆ ಸಲಾಂ ಹೇಳು ಎಂದು ಹೋದ.

ಹತ್ತೂ ನಲವತ್ತು. ಮೊದಲ ಅಂಚು ಕೂತಿದೆ, ಫೋಮ್ ಒಳಗೆ ಹೋಗಿದೆ, ಸೀಲಂಟ್ ಹೊಯ್ದಾಗಿದೆ, ಎರಡನೇ ಅಂಚು ಮುಕ್ಕಾಲು ಸುತ್ತು ಕೂತಿದೆ, ಉಳಿದದ್ದು ಕಡೆಯ ಗೇಣು. ಸಾಮಾನ್ಯವಾಗಿ ಕೂಡಿಕೆಯನ್ನು ವಾಲ್ವಿನ ಎದುರು ಬದಿಗೆ ಇಟ್ಟು ಮೊದಲೇ ಮುಚ್ಚಿಬಿಡುತ್ತೇನೆ, ಇವತ್ತು ಯಾಕೋ ಉಂಗುರ ಜಾರಿ ತಿರುಗಿದೆ, ಕಡೆಯ ಗೇಣಿನಲ್ಲೇ ಕೂಡಿಕೆ ಬಂದು ನಿಂತಿದೆ, ಓರೆ ಕೊಯ್ತ, ಹಸಿರು ದಾರ, ಸೀಲಂಟಿನ ಬಿಳಿಯ ನಡುವೆ ಐದು ಹೊಲಿಗೆ ಕಾಣುತ್ತಿವೆ, ನಾಲ್ಕು ಅಂಚಿನ ಕೆಳಗೆ. ಮಂಡಿಯೂರಿ ಚಕ್ರವನ್ನು ಹೊಟ್ಟೆಗೆ ಆನಿಸಿಕೊಂಡೆ, ಎರಡು ಹೆಬ್ಬೆರಳು ಅಂಚಿನ ಮೇಲೆ, ಒತ್ತಿದರೆ ಐದು ನಾಲ್ಕಾಗುತ್ತದೆ, ಇನ್ನೂ ಒತ್ತಿದರೆ ಮೂರು, ಮೂರರ ಮೇಲೆ ಒಂದು ಜೋರು, ಟಪ್ಪೆಂದು ಮುಚ್ಚಿಕೊಳ್ಳುತ್ತದೆ, ಆಮೇಲೆ ಹಾಳೆ, ಆಮೇಲೆ ಸಹಿ, ಎರಡನೇ ಸಹಿ ಮೊದಲನೆಯದನ್ನು ಉಳಿಸುತ್ತದೆ, ಲಖನ್ ನನ್ನ ಮೇಲೆ ಸಿಟ್ಟೂ ಆಗಲಿಕ್ಕಿಲ್ಲ, ತಪ್ಪು ನಂದೇ ಎಂದು ಆಗಲೇ ಒಪ್ಪಿದ್ದಾನೆ, ಅವ್ವ ಹದಿನೈದು ಹೊಲಿಗೆ ಹಾಕುತ್ತ ಇರುತ್ತಾಳೆ, ಎಲ್ಲರೂ ತಮ್ಮ ತಮ್ಮ ತಪ್ಪು ಹಿಡಿದುಕೊಂಡು ಕೂತಿದ್ದಾರೆ, ಗಲ್ಲೆಯ ಹಿಂದೆ ಕೂತವರದು ಒಂದು ಬಿಟ್ಟು, ನನ್ನದು ಒಂದು ಬಿಟ್ಟು. ಹೊರಗೆ ಸ್ಕೂಟರ್ ನಿಂತ ಸದ್ದು. ಅಣ್ಣಾರು ಎದ್ದರು, ಬಂದ್ರು ಅನಸ್ತೈತಿ, ಮುಚ್ಚಿದಿಯೇನೋ? ಮೂರು ಹೊಲಿಗೆ. ಹೆಬ್ಬೆರಳು ಬಿಳಿಚಿದೆ, ಉಗುರಿನ ಕೆಳಗೆ ರಕ್ತವಿಲ್ಲ, ಕಣ್ಣ ಮುಂದಿರುವುದು ಇದೇ ಹೆಬ್ಬೆರಳು ಅಲ್ಲ, ಇನ್ನೊಂದು, ಲಖನ್‌ದು, ಹೊರಡುವ ಗೆರೆಯಲ್ಲಿ ಟಯರಿನ ಮೇಲೆ ಒತ್ತಿಟ್ಟದ್ದು, ಮುಖ ಎತ್ತಿ ಕೇಳಿದ್ದು. ಒತ್ತೋ, ಏನ್ ನೋಡಾಕತ್ತೀ? ಕೈ ಎತ್ತಿದೆ. ಫೋಮ್ ಹಾಕಿದ ಟಯರನ್ನು ಕಡೆಯ ಗೇಣಿನಲ್ಲಿ ಬಿಟ್ಟರೆ ಕೂತ ಅಂಚೂ ಎದ್ದು ಬರುತ್ತದೆ, ಮೊದಲು ಇಲ್ಲಿ, ಆಮೇಲೆ ಅಲ್ಲಿ, ಒಂದೊಂದಾಗಿ ಮೂರು ನಾಲ್ಕಾಯಿತು, ಆರಾಯಿತು, ಒಂಬತ್ತೂ ಹೊಲಿಗೆ ಹೊರಗೆ ಬಂದವು, ಸೀಲಂಟ್ ಬಿಳಿ ಹಾಳೆಯ ಮೇಲೆ ಸಿಡಿದು ಹರಡಿತು. ಏನ್ ಮಾಡ್ದಿ ಇದು? ಹಾಕು ಒಳಗ, ಬಾಗಲದಾಗ ಬಂದಾರ, ಹಾಕಂದ್ನಿ. ಉಂಗುರವನ್ನು ಎಳೆದು ಬೆಂಚಿನ ಮೇಲೆ ಇಟ್ಟೆ, ಕೂಡಿಕೆ ಬಾಗಿಲಿನ ಕಡೆಗೆ ಬರುವ ಹಾಗೆ. ಹಾಕೂದಿಲ್ರಿ ಅಣ್ಣಾರ. ಬರಿಯೂದೂ ಇಲ್ರಿ. ನನ್ನದೇ ದನಿ ಇರಬೇಕು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ — ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುತ್ತಿದ್ದಾರೆ, ಅಣ್ಣಾರ ಬಾಯಿ ಆಡುತ್ತಿದೆ, ಏನೂ ಕೇಳಿಸುತ್ತಿಲ್ಲ, ಟಯರಿನ ಮೇಲೆ ಲಖನ್‌ನ ಹೆಬ್ಬೆರಳು, ಒತ್ತಿ ಹಿಡಿದದ್ದು, ಇನ್ನೂ ತೆಗೆದಿಲ್ಲ.