ಡಬಲ್ ಬೇಸ್‌ಗೆ ಒಂದು ದಿನ ರಜಾ

ಟೈರ್ ಅಂಗಡಿಗೆ ಅರ್ಧ ದಿನ ರಜಾ ಹಾಕಿ ಬಂದ ವಿಕ್ರಮ್ ಬೇಸ್‌ಮೆಂಟಿನ ಮೆಟ್ಟಿಲಿಳಿದು ದೀಪ ಹಾಕಿದಾಗ ಮೂಲೆ ಖಾಲಿಯಿತ್ತು. ಡ್ರಮ್ಮು ಇತ್ತು, ಆಂಪ್ಲಿಫೈಯರ್ ಇತ್ತು, ಡಬಲ್ ಬೇಸ್ ಇರಲಿಲ್ಲ. ಆಳಿಗಿಂತ ಎತ್ತರದ, ನಿಂತುಕೊಂಡು ನುಡಿಸುವ ಆ ದೈತ್ಯ ಪಿಟೀಲು ಸುಮ್ಮನೆ ಮಾಯವಾಗುವಂಥದ್ದಲ್ಲ. ಕಳ್ಳ ಬಂದಿದ್ದರೆ ಅವನೂ ಒಬ್ಬ ಕೂಲಿಯನ್ನು ಜೊತೆಗೆ ಕರೆತರಬೇಕಿತ್ತು.

ಮೇಲಿನಿಂದ ಕರ್ಪೂರದ ವಾಸನೆ ಬಂತು. ಅವನಿಗೆ ತಟ್ಟನೆ ಹೊಳೆಯಿತು. ಎರಡೆರಡು ಮೆಟ್ಟಿಲು ಹಾರಿ ಹತ್ತಿದ.

ಲಿವಿಂಗ್ ರೂಮಿನಲ್ಲಿ ದಸರಾ ಗೊಂಬೆಗಳ ಮೆಟ್ಟಿಲ ಪಕ್ಕ ಸರಸ್ವತಿಯ ಪಟ. ಪಟದ ಮುಂದೆ ಅಕ್ಕ ಸಾಹಿತ್ಯಳ ನರ್ಸಿಂಗ್ ಪುಸ್ತಕಗಳು, ಅಪ್ಪನ ಲ್ಯಾಪ್‌ಟಾಪು. ಅವುಗಳ ಪಕ್ಕ ಅಮ್ಮನ ಹಳೆಯ ಹತ್ತಿ ಸೀರೆಯ ಮೇಲೆ ಬೇಸ್ ಮಲಗಿತ್ತು. ಹೆಗಲಿಗೆ ಅರಿಶಿನ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ನಾಲ್ಕು ತಂತಿಗಳ ನಡುವೆ ಒಂದು ದಾಸವಾಳ.

"ಬಂದ್ಯಾ? ಕೈಕಾಲು ತೊಳ್ಕೊಂಡು ಬಾ. ಪಾಯಸ ಇದೆ," ಎಂದರು ಅಮ್ಮ ರಾಜಲಕ್ಷ್ಮಿ, ಅಡುಗೆಮನೆಯಿಂದಲೇ.

"ಅಮ್ಮ, ಇದು ಯಾಕೆ ಇಲ್ಲಿದೆ?"

"ಇವತ್ತು ಆಯುಧಪೂಜೆ. ಇಟ್ಟಿದೀನಿ."

"ಸಾಯಂಕಾಲ ಶೋ ಇದೆ ಅಂತ ಹೇಳಿದ್ನಲ್ಲ."

"ನೀನು ಯಾವತ್ತು ಎದುರಿಗೆ ನಿಂತು ಹೇಳಿದೀಯ? ಮೆಟ್ಟಿಲಿಳೀತಾ ಹೇಳ್ತೀಯ. ಅರ್ಧ ಕೇಳತ್ತೆ, ಅರ್ಧ ನಿನ್ನ ಜೊತೆ ಕೆಳಗೆ ಹೋಗತ್ತೆ. ನಾಳೆ ಬೆಳಿಗ್ಗೆ ಕದಲಿಸ್ತೀನಿ, ಆಮೇಲೆ ತಗೋ."

ಮೈಸೂರು ಬಿಟ್ಟು ಟೊರಾಂಟೊಗೆ ಬಂದು ಹದಿಮೂರು ವರ್ಷವಾದರೂ ಆ ಮನೆಯಲ್ಲಿ ಈ ನಿಯಮ ಮಾತ್ರ ಬದಲಾಗಿರಲಿಲ್ಲ. ಪೂಜೆಗೆ ಇಟ್ಟದ್ದನ್ನು ಅಕ್ಷತೆ ಹಾಕಿ, ಉತ್ತರಕ್ಕೆ ಒಂದಿಷ್ಟು ಸರಿಸಿ, ಹೋಗಿ ಬಾ ಎಂದು ಕೇಳಿಕೊಳ್ಳುವವರೆಗೆ ಯಾರೂ ಮುಟ್ಟುವಂತಿಲ್ಲ. ಚಿಕ್ಕವನಿದ್ದಾಗ ವಿಕ್ರಮನಿಗೆ ಇದು ಬಲು ಇಷ್ಟದ ಹಬ್ಬ. ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಕೆಳಗೆ ಇಡುತ್ತಿದ್ದ, ದೇವರಿಗೂ ಬೇಗ ಸಿಗದಿರಲಿ ಎಂದು.

ಅಲ್ಲಿ ಹನ್ನೆರಡರವರೆಗೂ ಹೈಸ್ಕೂಲೇ; ಹನ್ನೊಂದನೇ ತರಗತಿಯ ನಡುವೆ ಅವನು ಶಾಲೆ ಬಿಟ್ಟ. ತಪ್ಪು ಬಸ್ಸು ಹತ್ತಿದವನು ಕಿಟಕಿಯಾಚೆ ನೋಡುತ್ತ ಕೂತಹಾಗೆ ಒಂದಷ್ಟು ವರ್ಷ ತರಗತಿಯಲ್ಲಿ ಕೂತಿದ್ದ. ಒಂದು ದಿನ ಇಳಿದುಬಿಟ್ಟ. "ನಮ್ಮ ವಂಶದಲ್ಲಿ ಎಂಜಿನಿಯರ್ ಆಗದವರಿದ್ದಾರೆ, ಹೈಸ್ಕೂಲು ಮುಗಿಸದವರಿಲ್ಲ," ಎಂದು ಅಪ್ಪ ಚಂದ್ರಮೋಹನ ಒಂದೇ ಸಲ ಹೇಳಿ ಸುಮ್ಮನಾದರು. ಆ ವರ್ಷದ ನವರಾತ್ರಿಯಲ್ಲಿ ಅಮ್ಮ, "ನಿಂದೇನಾದ್ರೂ ಕೊಡೋ, ಪೂಜೆಗಿಡ್ತೀನಿ," ಎಂದು ಕೇಳಿದಾಗ ಪಕ್ಕದಲ್ಲಿದ್ದ ಅಪ್ಪ ತಲೆಯೆತ್ತದೆ ಅಂದದ್ದು ಇಷ್ಟೆ: "ಇಡೋಕೆ ಏನಿದೆ ಅವನದು?"

ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಆಮೇಲಿನ ಪ್ರತಿ ನವರಾತ್ರಿಗೂ ಅವನು ಊರಂಚಿನ ಸ್ಕಾರ್‌ಬರೋದ ಟೈರ್ ಅಂಗಡಿಯಲ್ಲಿ ಹೆಚ್ಚಿನ ಶಿಫ್ಟು ಕೇಳಿ ಪಡೆದ. ಸಿಟ್ಟಿಗೆ ಒಂದು ವಾದ್ಯ ಬೇಕಿತ್ತು. ಯಾವುದೋ ಶಾಲೆಯವರು ಸಂಗೀತದ ಕೋಣೆ ಮುಚ್ಚಿ ಹೊರಗೆಸೆದಿದ್ದ, ಕುತ್ತಿಗೆ ಸೀಳಿದ ಡಬಲ್ ಬೇಸನ್ನು ಎತ್ತಿಕೊಂಡು ಬಂದ. ಅಂಟು ಹಾಕಿ, ಅಂಗಡಿಯ ಕ್ಲ್ಯಾಂಪುಗಳಲ್ಲಿ ಬಿಗಿದು ವಾರಗಟ್ಟಲೆ ಕಾದ. ಕಂಬಳಿ ಸುತ್ತಿ ಮನೆಯೊಳಗೆ ತಂದ ದಿನ ಅಮ್ಮ, "ಯಾರದೋ ಹೆಣ ತಂದಹಾಗಿದೆಯಲ್ಲೋ," ಎಂದರು. ಅಪ್ಪ ಅದರ ಗಾತ್ರ ನೋಡಿ 'ಬೀರು' ಎಂದು ಹೆಸರಿಟ್ಟರು.

ಹೆಣ ಎಂಬ ಮಾತೇ ಕೊನೆಗೆ ಬ್ಯಾಂಡಿನ ಹೆಸರಾಯಿತು: ಹೆಣ ಎಕ್ಸ್‌ಪ್ರೆಸ್. ಚಳಿಗಾಲದ ಟೈರು ಹಾಕಿಸಲು ಬಂದ ಶ್ರೀಜಾ ಎಂಬ ಹುಡುಗಿ, ಅವನ ಫೋನಿನಿಂದ ಬರುತ್ತಿದ್ದ ಗದ್ದಲ ಕೇಳಿ, ಇದು ಸೈಕೋಬಿಲ್ಲಿಯಲ್ಲವೇ ಎಂದಳು. ಹಳೇ ಕಾಲದ ರಾಕ್ ಅಂಡ್ ರೋಲಿಗೆ ಪಂಕಿನ ಸಿಟ್ಟು ಕಟ್ಟಿ, ಹಾಡಿನ ತುಂಬ ದೆವ್ವ, ಸ್ಮಶಾನ, ಎದ್ದು ನಡೆಯುವ ಹೆಣ ತುಂಬಿದರೆ ಸೈಕೋಬಿಲ್ಲಿ. ಅದರಲ್ಲಿ ಬೇಸನ್ನು ಮೃದುವಾಗಿ ಮೀಟುವುದಿಲ್ಲ. ತಂತಿಯನ್ನು ಎಳೆದು ಹಲಗೆಗೆ ಬಡಿಯುತ್ತಾರೆ, ಬೆರಳಲ್ಲಿ ಬೊಬ್ಬೆ ಬರುವ ತನಕ. ಶ್ರೀಜಾ ಗಿಟಾರು ಹಿಡಿದಳು, ಹಾಡಿದಳು. ಸೋದರಮಾವನ ಉಡುಪಿ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದ ಪ್ರತೀಕ್ ಡ್ರಮ್ಮಿಗೆ ಕೂತ. ಎರಡು ವರ್ಷ ಗ್ಯಾರೇಜುಗಳಲ್ಲಿ, ಕೈಬೆರಳಲ್ಲಿ ಎಣಿಸುವಷ್ಟು ಜನರ ಮುಂದೆ ನುಡಿಸಿದರು. ಈಗ ಊರೂರು ತಿರುಗುವ ದೊಡ್ಡ ಬ್ಯಾಂಡೊಂದು ಟೊರಾಂಟೊದ ನೆಲಮಾಳಿಗೆಯ ಬಾರಿಗೆ ಬಂದಿತ್ತು. ಅದಕ್ಕಿಂತ ಮೊದಲು ನುಡಿಸುವ ಅವಕಾಶ ಇವರಿಗೆ. ಅದೂ ಇವತ್ತು. ಇವತ್ತು ತಪ್ಪಿಸಿದವರನ್ನು ಆ ಬಾರಿನವರು ಇನ್ನೊಮ್ಮೆ ಕರೆಯುವುದಿಲ್ಲ.

"ಅಮ್ಮ, ಕನ್ನಡ ಸಂಘದವರು ಹೋದ ಶನಿವಾರವೇ ದಸರಾ ಮುಗಿಸಿದ್ರು," ಎಂದ ವಿಕ್ರಮ್. ಸ್ವರ ಏರದಂತೆ ಹಲ್ಲು ಕಚ್ಚಿದ್ದ. "ಹಬ್ಬದ ದಿನ ಶಾಲೆಯ ಜಿಮ್ ಹಾಲು ಸಿಗಲ್ಲ ಅಂತ. ಅವರಿಗೆ ಇಡೀ ದಸರಾನೇ ಸರಿಸಬಹುದು. ನನಗೆ ಒಂದು ಬೇಸ್ ಸರಿಸೋಕಾಗಲ್ವಾ?"

"ಅದು ಪ್ರೋಗ್ರಾಮು. ಇದು ಪೂಜೆ."

"ಪೂಜೆನಾ? ಅಪ್ಪ ಇಟ್ಟಿರೋ ಲ್ಯಾಪ್‌ಟಾಪ್ ಸತ್ತು ಮೂರು ವರ್ಷ ಆಯ್ತು. ಓಡೋದನ್ನ ಇಟ್ಕೊಂಡು ಮೇಲೆ ಮೀಟಿಂಗ್ ಮಾಡ್ತಿದಾರೆ. ಅಕ್ಕನ ಪುಸ್ತಕ ಪಾಸಾಗಿ ಮುಗಿದಿರೋದು. ಎಲ್ಲರೂ ಬೇಡದಿರೋದನ್ನ ಕೊಟ್ಟಿದಾರೆ. ನಂದು ಮಾತ್ರ ಇವತ್ತು ಬೇಕಾಗಿರೋದು."

ಅಮ್ಮ ಸೌಟು ಹಿಡಿದೇ ಹೊರಗೆ ಬಂದರು. "ಗೊತ್ತು. ಅದಕ್ಕೇ ಇಟ್ಟೆ. ಈ ಮನೇಲಿ ದಿನಾ ಮುಟ್ಟೋ ವಿದ್ಯೆ ಅದೊಂದೇ."

ವಿಕ್ರಮ್ ಬೇಸಿನ ಕೊರಳ ಹಾರವನ್ನು ನೋಡಿದ.

"ನಿಮ್ಮ ಬ್ಯಾಂಡಿನ ವಿಡಿಯೋನೂ ನೋಡ್ದೆ," ಎಂದರು ಅಮ್ಮ. "ಸಾಹಿತ್ಯ ತೋರಿಸಿದ್ಲು. ಬೂಟು ಹಾಕ್ಕೊಂಡು ಅದರ ಮೈ ಮೇಲೆ ಹತ್ತಿ ನಿಂತಿದೀಯ."

"ಅದು ಸ್ಟೈಲಮ್ಮ. ಎಲ್ಲರೂ ಹತ್ತುತಾರೆ."

"ಹತ್ತಲಿ. ದಿನಾ ಹೊಡೆಸ್ಕೊಳತ್ತೆ, ತುಳಿಸ್ಕೊಳತ್ತೆ. ಒಂದು ದಿನ ಅದಕ್ಕೂ ರಜಾ ಬೇಡ್ವೇನೋ?"

ಹೊರಗೆ ಹಾರ್ನ್ ಆಯಿತು. ಹೋಟೆಲಿನ ವ್ಯಾನು. ಬಾಗಿಲು ತೆರೆದರೆ ಸಾಂಬಾರಿನ ವಾಸನೆಯ ಸಮೇತ ಪ್ರತೀಕ್ ಒಳಗೆ ಬಂದ. ಜೆಲ್ ಹಾಕಿ ಗೋಪುರದಂತೆ ನಿಲ್ಲಿಸಿದ ಕೂದಲು, ಟೀಶರ್ಟಿನ ಮೇಲೆ ತಲೆಬುರುಡೆ.

"ನಮಸ್ಕಾರ ಆಂಟಿ. ಹೊರಡುವನಾ ಮಾರಾಯ? ಈಗ ಬಿಟ್ಟರೆ ಟ್ರಾಫಿಕ್ ಉಂಟು..." ಎನ್ನುತ್ತಿದ್ದವನು ಪೂಜೆ ಕಂಡು ನಿಂತ. ಗಡಬಡಿಸಿ ಚಪ್ಪಲಿಯನ್ನು ಬಾಗಿಲಾಚೆ ತಳ್ಳಿದ. ಎರಡೂ ಕಿವಿ ಮುಟ್ಟಿಕೊಂಡ.

"ಹಿಡಿ ಆ ಕಡೆ," ಎಂದ ವಿಕ್ರಮ್.

"ನನ್ನಿಂದ ಆಗುದಿಲ್ಲ."

"ಎರಡು ವರ್ಷದಿಂದ ಹೆಣ, ಗೋರಿ ಅಂತ ಡ್ರಮ್ ಬಾರಿಸ್ತೀಯ. ಒಂದು ಸೇವಂತಿಗೆಗೆ ಹೆದರ್ತೀಯಾ?"

"ಹೆಣ ಬೇರೆ, ಶಾರದೆ ಬೇರೆ. ಹೆಣ ವಾಪಸ್ ಎಂತ ಮಾಡುದಿಲ್ಲ. ನಮ್ಮ ಅಜ್ಜಿಗೆ ಗೊತ್ತಾದರೆ ನನ್ನನ್ನು ಉಡುಪಿಯಿಂದಲೇ ಕೊಲ್ಲುತ್ತಾರೆ." ಪ್ರತೀಕ್ ಅಮ್ಮನ ಕಡೆ ತಿರುಗಿದ. "ಆಂಟಿ, ಪಾಯಸ ಉಂಟಾ?"

ಅಮ್ಮ ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಹೋಗುತ್ತ, ತಿರುಗದೇ ಅಂದರು: "ತಗೊಂಡು ಹೋಗೋದಾದ್ರೆ ಹೋಗು ವಿಕ್ರಮ್. ಅಡ್ಡ ನಿಲ್ಲಲ್ಲ. ಆದರೆ ನನ್ನ ಕೈಯಾರೆ ಎತ್ತಿ ಕೊಡಲ್ಲ."

ವಿಕ್ರಮ್ ಬೂಟು, ಕಾಲುಚೀಲ ಬಿಚ್ಚಿ, ಬರಿಗಾಲಲ್ಲಿ ಬೇಸಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಎತ್ತಲೆಂದು ಕುತ್ತಿಗೆಯ ಕೆಳಗೆ ಕೈ ಹಾಕಿದವನಿಗೆ ಮೆತ್ತಗೆ ಏನೋ ತಗುಲಿತು. ಮಡಚಿದ ಟವೆಲು. ಅವನು ಅಂಟು ಹಾಕಿದ್ದ ಸೀಳು ನೆಲಕ್ಕೆ ಒತ್ತದ ಹಾಗೆ, ಸರಿಯಾಗಿ ಅದೇ ಜಾಗಕ್ಕೆ ಸುರುಳಿ ಸುತ್ತಿ ಇಟ್ಟಿದ್ದರು. ಆ ಸೀಳಿನ ವಿಷಯ ಅವನು ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಂದರೆ ಅವನಿಲ್ಲದಾಗ ಅಮ್ಮ ಕೆಳಗಿಳಿದು ಅದನ್ನು ಸವರಿ ನೋಡಿದ್ದಾರೆ.

ಕೈ ಅಲ್ಲೇ ನಿಂತಿತು. ಇಡೋಕೆ ಏನಿದೆ ಅವನದು? ಆ ಪ್ರಶ್ನೆಗೆ ಉತ್ತರ ಇಲ್ಲಿ ಕುಂಕುಮ ಹಚ್ಚಿಕೊಂಡು ಮಲಗಿದೆ. ಎತ್ತಿದರೆ ಆ ಜಾಗ ಮತ್ತೆ ಖಾಲಿ. ಎತ್ತದಿದ್ದರೆ ಶ್ರೀಜಾಳ, ಪ್ರತೀಕನ, ತನ್ನ ಎರಡು ವರ್ಷ ಖಾಲಿ. ಯಾರ ಮೇಲಾದರೂ ಸಿಟ್ಟು ಮಾಡೋಣವೆಂದರೆ ಸಿಟ್ಟಿಗೆ ಕಾಲೂರಲು ಜಾಗವಿಲ್ಲ. ಬೈದವರ ಮುಂದೆ ಹೇಗೆ ನಿಲ್ಲಬೇಕೆಂದು ಅವನಿಗೆ ಗೊತ್ತಿತ್ತು. ಟವೆಲು ಇಟ್ಟವರ ಮುಂದೆ ಹೇಗೆ ನಿಲ್ಲುವುದು ಗೊತ್ತಿರಲಿಲ್ಲ.

ಕೈ ತೆಗೆದು ಫೋನು ಎತ್ತಿದ. "ಶ್ರೀಜಾ, ಬೇಸ್ ಬರಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದ. ಆ ಕಡೆಯಿಂದ ಬಂದ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ. "ನಿಜ. ನಂದೇ ತಪ್ಪು. ಇಲ್ಲ, ನಮ್ಮಮ್ಮನದಲ್ಲ. ಬಾರಿನವರಿಗೆ ಹೇಳಿಬಿಡು."

ಅಡುಗೆಮನೆಯಲ್ಲಿ ಚಮಚದ ಸದ್ದು ನಿಂತಿತ್ತು. ಅಮ್ಮ ಬಾಗಿಲಲ್ಲಿ ಬಂದು ನಿಂತರು. ಮಗನನ್ನು ನೋಡಿದರು, ಪಟವನ್ನು ನೋಡಿದರು. ಕೈ ತೊಳೆದುಕೊಂಡು ಬಂದು ಅಕ್ಷತೆಯ ಬಟ್ಟಲು ಎತ್ತಿಕೊಂಡರು.

"ದೇವಿನ ಇವತ್ತು ಕದಲಿಸಲ್ಲ. ಅವಳು ಹೊರಡೋದು ನಾಳೆನೇ. ಇದೊಂದನ್ನ ಕೇಳ್ಕೊಂಡು ಸರಿಸ್ತೀನಿ. ಆದರೆ ಎತ್ತಿದ ಮೇಲೆ ಏನು ಮಾಡಬೇಕು, ನೆನಪಿದೆಯಾ?"

ನೆನಪಿತ್ತು. ಪುಸ್ತಕವಾದರೆ ತೆಗೆದ ಕೂಡಲೇ ಅಲ್ಲೇ ಕೂತು ಒಂದು ಪುಟ ಓದಬೇಕು.

"ಇಲ್ಲೇನಾ?" ಎಂದ.

"ಇನ್ನೆಲ್ಲಿ? ಅವಳೂ ಕೇಳಲಿ. ನಾವೂ ಕೇಳೋಣ. ಎರಡು ವರ್ಷದಿಂದ ನೆಲದಡಿಯಿಂದ ಬರೀ ಗುದ್ದು ಕೇಳಿಸ್ಕೊಂಡಿದೀವಿ."

ಅಪರಿಚಿತರ ಮುಂದೆ ಎಂದೂ ಹೆದರದವನು ಮಹಡಿಯ ಮೆಟ್ಟಿಲ ಕಡೆಗೊಮ್ಮೆ ನೋಡಿದ. ಅಮ್ಮ ಅಕ್ಷತೆ ಹಾಕಿ, ಬಾಯೊಳಗೇ ಏನೋ ಹೇಳಿಕೊಂಡು, ಬೇಸನ್ನು ಉತ್ತರಕ್ಕೆ, ಅಂದರೆ ಟಿವಿ ಇರುವ ಕಡೆಗೆ, ಒಂದಿಷ್ಟು ಸರಿಸಿದರು. ಅವನು ಎತ್ತಿ ನಿಲ್ಲಿಸಿದ. ಪ್ರತೀಕ್ ಸೋಫಾದ ಹಿಡಿಕೆಯನ್ನೇ ಡ್ರಮ್ಮು ಮಾಡಿಕೊಂಡು ತಾಳ ಹಿಡಿದ.

ಮೊದಲ ಏಟಿಗೇ ಗೊಂಬೆಗಳ ಮೆಟ್ಟಿಲು ನಡುಗಿತು. ಪಟ್ಟದ ರಾಜ ರಾಣಿ ಒಬ್ಬರಿಗೊಬ್ಬರು ತಾಗಿಕೊಂಡರು. ಚನ್ನಪಟ್ಟಣದ ಸಿಪಾಯಿಗಳು ಕುಣಿಯುತ್ತ ಅಂಚಿಗೆ ಸರಿದರು. ಬ್ಯಾಂಡಿನ ಹಾಡುಗಳೆಲ್ಲ ಇಂಗ್ಲಿಷಿನವು, ಒಂದನ್ನು ಬಿಟ್ಟು. ಕೇಳುವವರಿಗೆ ಅರ್ಥವಾಗುವುದಿಲ್ಲವೆಂಬ ಧೈರ್ಯದಲ್ಲಿ ಬರೆದದ್ದು ಅದು. ಬೆರಳು ತಾನಾಗಿ ಆ ಹಾಡಿಗೇ ಹೋಯಿತು.

"ಸ್ಟಾಪಿನಲ್ಲಿ ನಿಂತೇ ಸತ್ತೆ, ಬಸ್ಸು ಬರಲಿಲ್ಲ,
ಹಿಮ ಬಂದು ಹೊದಿಕೆ ಹಾಕ್ತು, ಯಾರೂ ಅಳಲಿಲ್ಲ,
ಟಿಕೆಟ್ಟಿನ್ನೂ ಕೈಯಲ್ಲಿದೆ, ಅವಧಿ ಮುಗಿದಿಲ್ಲ,
ನಾಳೆ ಶಿಫ್ಟಿಗೆ ಬರ್ತೀನಿ ಸ್ವಾಮಿ, ಹೆಣಕ್ಕೆ ರಜಾ ಇಲ್ಲ."

ಮಹಡಿಯ ಮೆಟ್ಟಿಲ ಮೇಲೆ ಅಪ್ಪ ಬಂದು ನಿಂತದ್ದು ಕಂಡಿತು, ಕಿವಿಯಲ್ಲಿ ಹೆಡ್‌ಫೋನಿನ ಸಮೇತ. ವಿಕ್ರಮ್ ನಿಲ್ಲಿಸಲಿಲ್ಲ. ಹಾಡು ಮುಗಿಯುವ ಗುದ್ದಿಗೆ ಅಭ್ಯಾಸಬಲದಿಂದ ಬಲಗಾಲು ಮೇಲೆದ್ದು ಬೇಸಿನ ಸೊಂಟದ ಕಡೆ ಹೋಯಿತು. ಬರಿಗಾಲಿಗೆ ತಣ್ಣನೆಯ ಮರ ತಾಗಿತು. ಕಾಲನ್ನು ಹಿಂದಕ್ಕೆಳೆದುಕೊಂಡ; ಕೈ ತನ್ನಷ್ಟಕ್ಕೆ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತು.

ಪ್ರತೀಕ್ ಸೋಫಾದಿಂದ ಕೈ ತೆಗೆದ.

"ಆ ಸ್ಟಾಪಿಗೆ ಒಂದು ಸೂರೂ ಇರಲಿಲ್ಲ," ಎಂದರು ಅಮ್ಮ. ಸ್ಕಾರ್‌ಬರೋದ ಅಪಾರ್ಟ್‌ಮೆಂಟಿನಲ್ಲಿದ್ದ ಮೊದಲ ವರ್ಷಗಳಲ್ಲಿ, ಅಪ್ಪನಿಗಿನ್ನೂ ಕೆಲಸ ಸಿಗದಿದ್ದಾಗ, ಅಮ್ಮ ಬೆಳಗಿನ ಕತ್ತಲಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಕಿಟಕಿಯಿಂದ ಆ ಸ್ಟಾಪು ಕಾಣುತ್ತಿತ್ತು. ಹತ್ತು ವರ್ಷದ ವಿಕ್ರಮ್ ಬಸ್ಸು ಬರುವ ತನಕ ನಿಂತು ನೋಡುತ್ತಿದ್ದ. "ಹೆಣದ ಕೈಲಿ ಊಟದ ಡಬ್ಬಿ ಇಲ್ವಾ?" ಎಂದು ಕೇಳಿದರು ಅಮ್ಮ.

"ಇದೆ. ಎರಡನೇ ಚರಣದಲ್ಲಿ."

"ನಾನಿನ್ನೂ ಸತ್ತಿಲ್ಲ ಕಣೋ."

"ಗೊತ್ತಮ್ಮ."

ಅಪ್ಪ ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡರು. "ಬೆಳಿಗ್ಗೆ ಬೀರು ಮೇಲೆ ತರುವಾಗ ತಲೆ ಕಡೆ ನಾನೇ ಹಿಡಿದಿದ್ದೆ," ಎಂದರು. "ಹೊರಬಾಗಿಲ ತಿರುವಿನಲ್ಲೂ ಹುಷಾರು. ಗೋಡೆಗೆ ತಾಗತ್ತೆ." ಇಷ್ಟು ಹೇಳಿ ಕೆಳಗಿಳಿದು ಬಂದರು. ಸರಸ್ವತಿಯ ಮುಂದೆ ಬೇಸ್ ಬಿಟ್ಟುಹೋದ ಜಾಗದಲ್ಲಿ, ಹತ್ತಿ ಸೀರೆಯ ಮೇಲೆ, ದಾಸವಾಳ ಬಿದ್ದಿತ್ತು. ಅದನ್ನೆತ್ತಿ ತಂತಿಗಳ ನಡುವೆ ಸಿಕ್ಕಿಸಲು ಹೋದರು, ನಿಲ್ಲಲಿಲ್ಲ. ಜೇಬಿಗೆ ಹಾಕಿಕೊಂಡರು.

ವಿಕ್ರಮ್ ಶ್ರೀಜಾಗೆ ಮತ್ತೆ ಫೋನು ಮಾಡಿದ. ಅವಳು ಬಾರಿನವರಿಗೆ ಇನ್ನೂ ಹೇಳಿರಲಿಲ್ಲ. ನೀನು ಹೀಗೆಲ್ಲ ಮಾಡುತ್ತೀಯೆಂದು ಗೊತ್ತಿತ್ತು ಎಂದಳು. ಬುಡದ ಕಡೆ ವಿಕ್ರಮ್, ತಲೆಯ ಕಡೆ ಅಪ್ಪ ಹಿಡಿದು ಹೊರಗೆ ಸಾಗಿಸಿದರು. ಪ್ರತೀಕ್ ಬಾಗಿಲು ಹಿಡಿದುಕೊಂಡು, ಇನ್ನೂ ಮುಟ್ಟಲೊಲ್ಲದೆ, "ಎಡಕ್ಕೆ ಅಂಕಲ್, ಸ್ವಲ್ಪ ಎಡಕ್ಕೆ," ಎನ್ನುತ್ತಿದ್ದ. ಸಾಂಬಾರಿನ ಡಬ್ಬಗಳ ಜಾಗದಲ್ಲಿ ಬೇಸ್ ಮಲಗಿತು. ಅಮ್ಮ ಹಾರವನ್ನು ತೆಗೆಯಲಿಲ್ಲ, ಕುಂಕುಮ ಒರೆಸಲಿಲ್ಲ. ಟವೆಲು ತಂದು ಕುತ್ತಿಗೆಯ ಕೆಳಗಿಟ್ಟರು.

ವ್ಯಾನು ಹೊರಡುವಾಗ ಕಿಟಕಿಯ ಹತ್ತಿರ ಬಂದರು.

"ವಿಕ್ರಮ್, ಹತ್ತಲೇಬೇಕು ಅಂತಿದ್ರೆ ಬೂಟು ಬಿಚ್ಚಿ ಹತ್ತು."

"ಸರಿ ಅಮ್ಮ."

"ಕಾಲುಚೀಲ ತೂತಾಗಿದೆಯಾ?"

ಅವನು ಬೂಟಿನೊಳಗೆ ಬೆರಳು ಆಡಿಸಿ ನೋಡಿದ. ಹೆಬ್ಬೆರಳು ಆಚೆ ಬಂದಿತ್ತು. ಅಮ್ಮ ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಅಪ್ಪನ ಹೊಸ ಕಾಲುಚೀಲದ ಜೊತೆಯೊಂದನ್ನು ತಂದು, ಕಿಟಕಿಯಿಂದ ಅವನ ಮಡಿಲಿಗೆ ಹಾಕಿದರು.