ಕೆಂಪಿಯ ಕುದುರೆ

ಮತ್ತೆ ಯಾರೋ ಅವಳನ್ನು ಮನೆಗೆ ಕರೆದುಕೊಂಡು ಬಂದಿದ್ದರು.

ಬೀಗ ರಿಪೇರಿಯವನು ಕಾಫಿ ಲೋಟ ಹಿಡಿದು ಟಿವಿ ಮುಂದೆ ನಿಂತೇ ಇದ್ದ. ನಿನ್ನೆ ಒಂಬತ್ತೂ ಇಪ್ಪತ್ತಕ್ಕೆ ಅವನು ಗೇಮ್ ಆಫ್ ಮಾಡಿ ಅಂಗಡಿಗೆ ಹೊರಟಾಗ, ಅದರಲ್ಲಿ ಅವನು ಆಡಿಸುವ ಕೆಂಪಿ ಹಿಮ ಸುರಿಯುವ ಕಣಿವೆಯಲ್ಲಿದ್ದಳು. ಭುಜಕ್ಕೆ ಬಾಣ ತಾಗಿತ್ತು, ಕೈಯಲ್ಲಿ ಕತ್ತಿಯಿತ್ತು. ಈಗ ನೋಡಿದರೆ ಕೆರೆಯಾಚೆಯ ತನ್ನ ಗುಡಿಸಲಿನಲ್ಲಿ ಮಂಚದ ಮೇಲೆ ಕೂತಿದ್ದಾಳೆ. ಗಾಯ ಮಾಯವಾಗಿದೆ. ಕವಚ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ, ಒಲೆ ಉರಿಯುತ್ತಿದೆ. ಹೊರಗೆ ಕುದುರೆಯನ್ನು ಬೇಲಿಗೆ ಕಟ್ಟಿದೆ, ಅದರ ಮುಖ ರಸ್ತೆಯ ಕಡೆಗೆ. ಅವಳ ಚೀಲ ತೆರೆದು ನೋಡಿದ. ಗಾಯಕ್ಕೆ ಹಚ್ಚುವ ಸೊಪ್ಪು ಹದಿನಾಲ್ಕು ಕಟ್ಟು ಇದ್ದದ್ದು ಹನ್ನೊಂದಾಗಿತ್ತು.

ಇದು ಐದನೇ ಸಲ. ಮೊದಲ ಸಲ ಗೇಮಿನದೇ ಏನೋ ಎಡವಟ್ಟು ಅಂದುಕೊಂಡ. ಎರಡನೇ ಸಲ ತನ್ನದೇ ಮರೆವು ಅಂದುಕೊಂಡ. ಮೂರನೇ ಸಲ, ದಾರಿಯಲ್ಲಿ ಸಿಕ್ಕ ಹಿಟ್ಟಿನ ಗಿರಣಿಯ ಮುದುಕಿ ಕೆಂಪಿಯನ್ನು ಕಂಡವಳೇ, ನನ್ನ ಕಾಗದ ಮಗನಿಗೆ ತಲುಪಿಸಿದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ ಅಂದಳು. ಆ ಮುದುಕಿಯ ಕೆಲಸ ಆಗಲ್ಲ ಅಂತ ಕೆಂಪಿಯ ಬಾಯಲ್ಲಿ ಹೇಳಿಸಿದ್ದವನು ಅವನೇ. ಯಾರ ಮುಲಾಜಿಗೂ ಬೀಳದ ಹೆಣ್ಣು ಅವಳು. ಅಂಥವಳಿಂದ ಯಾರೋ ಅಂಚೆಯವಳ ಕೆಲಸ ಮಾಡಿಸಿದ್ದರು.

ಒಂಬೈನೂರ ಹದಿನಾಲ್ಕು ಗಂಟೆ ಅವಳ ಜೊತೆ ಕಳೆದಿದ್ದ. ಅವಳ ಮುಖವೊಂದನ್ನು ಮಾಡಲಿಕ್ಕೇ ಒಂದು ಇಡೀ ಬೆಳಗ್ಗೆ ಹಿಡಿದಿತ್ತು. ಮೂಗು ಸ್ವಲ್ಪ ಮೊಂಡು, ಕೂದಲು ಕೆಂಪು, ಹುಬ್ಬಿನ ಮೇಲೊಂದು ಹಳೇ ಗಾಯ. ಅವನಿಗೆ ಅವಳೆಂದರೆ ಇಷ್ಟ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಅದಕ್ಕೆ ಕಾರಣವೂ ಇತ್ತು. ಅವನಿದ್ದ ಬೀದಿಯಲ್ಲಿ ಏನು ಕಳುವಾದರೂ ಜನ ಮೊದಲು ನೋಡುವುದು ಅವನ ಅಂಗಡಿಯನ್ನು. ಎಲ್ಲರ ಬಾಗಿಲೂ ತೆಗೆಯಬಲ್ಲವನ ಮೇಲೆ ಎಲ್ಲರಿಗೂ ಒಂದು ಕಣ್ಣು. ಹೋದ ವರ್ಷ ಮೇಲಿನ ಮನೆಯವರ ವಾಚು ಕಾಣೆಯಾದಾಗ ಪೊಲೀಸರು ಅವನನ್ನು ಎರಡು ಗಂಟೆ ಕೂರಿಸಿಕೊಂಡಿದ್ದರು. ವಾಚು ಆಮೇಲೆ ಅವರ ಸೋಫಾ ಸಂದಿಯಲ್ಲೇ ಸಿಕ್ಕಿತು. ಆದರೂ ಆ ಮನೆಯಾಕೆ ಬೀಗ ಬದಲಾಯಿಸಿದಳು, ಅದನ್ನೂ ಬೇರೆ ಅಂಗಡಿಯಿಂದ ತಂದಳು. ಕೆಂಪಿಗೆ ಹಾಗಲ್ಲ. ಅವಳು ಬಂದಳೆಂದರೆ ಜನ ತಾವಾಗಿಯೇ ಬಾಗಿಲು ತೆಗೆಯುತ್ತಾರೆ. ಅವಳ ಹೆಗಲಿನ ಹಿಂದೆ ನಿಂತು ಒಳಗೆ ಹೋಗುವಾಗ ಅವನಿಗೆ ಎದೆ ಹಗುರಾಗುತ್ತಿತ್ತು.

ಮನೆಯಲ್ಲಿ ಇದ್ದವರು ಮೂರೇ ಜನ. ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಖಾಲಿ ಹೊಟ್ಟೆಯವರ ರಕ್ತ ತೆಗೆಯಲು ಬೆಳಗ್ಗೆ ಆರಕ್ಕೇ ಹೊರಟು ಮಧ್ಯಾಹ್ನ ಎರಡಕ್ಕೆ ಮರಳುವಳು. ಇನ್ನೊಬ್ಬರು ಅವಳ ಅಪ್ಪ, ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಫೋನ್ ಬಂದರೆ ಯಾವ ಬಟನ್ ಒತ್ತಬೇಕು ಅಂತ ಈಗಲೂ ಕೇಳುವ ಮನುಷ್ಯ. ಬೆಳಗ್ಗೆ ಅಳಿಯ ಆಡುವಷ್ಟು ಹೊತ್ತೂ ಹಿಂದಿನ ಕುರ್ಚಿಯಲ್ಲಿ ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದರು. ಅವರ ಮೇಲೆ ಸಂಶಯ ಪಡುವುದೂ ಒಂದೇ, ಕುರ್ಚಿಯ ಮೇಲೆ ಸಂಶಯ ಪಡುವುದೂ ಒಂದೇ. ಹಾಗಾಗಿ ಉಳಿದವಳು ಹೆಂಡತಿ.

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಟಿವಿಯ ಬೆನ್ನಿಗೆ ಅಂಗೈ ಇಟ್ಟು ನೋಡಿದ. ಬೆಚ್ಚಗಿತ್ತು.

"ಜ್ವರ ಇದೆಯಾ ಅದಕ್ಕೆ?" ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ನನ್ನ ಗೇಮ್ ಮುಟ್ಟಿದ್ಯಾ ನೀನು?"

"ನಾನಾ?"

"ಕೆಂಪಿನ ದಿನಾ ಯಾರೋ ಮನೆಗೆ ಕರ್ಕೊಂಡು ಬರ್ತಿದಾರೆ. ಸೊಪ್ಪು ಖರ್ಚು ಮಾಡ್ತಿದಾರೆ. ಮಧ್ಯಾಹ್ನ ಮನೇಲಿರೋಳು ನೀನೇ."

ಹೆಂಡತಿ ಸೌಟು ಕೆಳಗಿಟ್ಟಳು. "ಬೆಳಗ್ಗಿಂದ ನಲವತ್ತು ಜನರ ತೋಳಲ್ಲಿ ನರ ಹುಡುಕಿ ಬಂದಿದೀನಿ. ನಿನ್ನ ಗೊಂಬೆಗೆ ಸೊಪ್ಪು ಹಚ್ಚೋಕೆ ನನಗೆ ಪುರುಸೊತ್ತಿದ್ಯಾ? ಈ ಭಾನುವಾರ ಅಪ್ಪ ಹೊರಟು ಹೋಗ್ತಾರೆ, ನಿನಗೆ ಕೆಂಪಿ ಸೊಪ್ಪಿನ ಚಿಂತೆ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಮಾವ ಇನ್ನು ಮುಂದೆ ಭಾವನ ಮನೆಯಲ್ಲಿರಲಿ, ಆ ಕೋಣೆಯಲ್ಲಿ ಕೀಲಿ ಕೊರೆಯುವ ಮೆಷಿನ್ ಇಟ್ಟುಕೊಳ್ಳುತ್ತೇನೆ ಅಂತ ಎರಡು ವಾರದ ಹಿಂದೆ ಹೇಳಿದವನು ಅವನೇ. ಮೆಷಿನ್ ಬರೀ ನೆಪ ಅಂತ ಮೂವರಿಗೂ ಗೊತ್ತಿತ್ತು. ಹೆಂಡತಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಪ್ಪನ ಬಟ್ಟೆ ಒಗೆದು ಮಡಿಸಿಡಲು ಶುರು ಮಾಡಿದಳು. ಮಡಿಸುವಾಗ ಅವಳು ಅಳುವುದನ್ನು ಅವನು ಒಂದು ಸಲ ನೋಡಿದ್ದ, ನೋಡದವನ ಹಾಗೆ ಆಚೆ ಹೋಗಿದ್ದ.

ಅಳಿಯ ಮಾವನ ನಡುವೆ ನೇರ ಮಾತು ನಿಂತು ಒಂಬತ್ತು ತಿಂಗಳಾಗಿತ್ತು. ಒಂದು ದಿನ ಲ್ಯಾಬಿನ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡ ಹೆಂಡತಿ ಬಸ್ ಸ್ಟಾಪಿನಿಂದ ಫೋನ್ ಮಾಡಿದ್ದಳು. ಅವತ್ತು ಅಂಗಡಿಗೆ ರಜೆ. "ಬಂದೆ" ಅಂದವನು ಒಂದು ಗಂಟೆ ಹೋಗಲಿಲ್ಲ. ಕೆಂಪಿಯನ್ನು ಏಳು ಜನ ಡಕಾಯಿತರು ಸುತ್ತುಗಟ್ಟಿದ್ದರು. ಅವನು ಸ್ಟಾಪಿಗೆ ಹೋಗುವ ಹೊತ್ತಿಗೆ ಹೆಂಡತಿ ಮಳೆಯಲ್ಲಿ ತೊಯ್ದು ಒಂಟಿಕಾಲಲ್ಲಿ ನಿಂತಿದ್ದಳು. ಅವಳು ಬೈಯಲಿಲ್ಲ. ಮಾವ ಮಾತ್ರ ಬಾಗಿಲಲ್ಲೇ ಹೇಳಿದರು, "ನನ್ನ ಮಗಳು ಒಂದು ಗಂಟೆ ನಿಂತಿದ್ಲು." ಅವನು, "ಅದು ನಮ್ಮ ಗಂಡ ಹೆಂಡತಿ ವಿಷಯ" ಅಂದ. ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಎಲ್ಲವೂ ಹೆಂಡತಿಯ ಮೂಲಕ, ಕಾಫಿ ಆರುತ್ತಿದೆ ಅಂತ ಅವನಿಗೆ ಹೇಳು, ದೀಪ ಆರಿಸಬೇಕಂತೆ ಅಂತ ಅವರಿಗೆ ಹೇಳು. ಹೆಂಡತಿ ಮನೆಯಲ್ಲಿಲ್ಲದಾಗ ಇಬ್ಬರೂ ಗೋಡೆಗೆ ಹೇಳುತ್ತಿದ್ದರು.

ಗುರುವಾರ ಅವನು ಒಂದು ಉಪಾಯ ಮಾಡಿದ. ಬಿಗಿಯಾದ ಬೀಗದ ಕಿಂಡಿಗೆ ಊದುವ ಗ್ರಾಫೈಟ್ ಪುಡಿ ಅವನ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಇತ್ತು. ಪೆನ್ಸಿಲ್ ಕಡ್ಡಿ ತೇದ ಹಾಗೆ ಕಪ್ಪಗೆ, ನುಣ್ಣಗೆ. ಮುಟ್ಟಿದರೆ ಬೆರಳ ಗೆರೆಗಳೊಳಗೆ ಇಳಿದುಬಿಡುತ್ತದೆ, ಸೋಪಿಗೂ ಬೇಗ ಬಗ್ಗುವುದಿಲ್ಲ. ಹೊರಡುವ ಮುಂಚೆ ಅದನ್ನು ಕಂಟ್ರೋಲರಿನ ಬಟನುಗಳ ಮೇಲೆ ತೆಳ್ಳಗೆ ಸವರಿದ. ಕಂಟ್ರೋಲರೂ ಕಪ್ಪು, ಪುಡಿಯೂ ಕಪ್ಪು. ಇಡೀ ದಿನ ಅಂಗಡಿಯಲ್ಲಿ ಕೂತು ಹೆಂಡತಿಯ ಕೈಯನ್ನೇ ಯೋಚಿಸಿದ. ಪಾಪ, ಅವತ್ತು ಗಿರಾಕಿಯೊಬ್ಬನಿಗೆ ಹಿತ್ತಲ ಬಾಗಿಲಿನ ಕೀಲಿಯ ಬದಲು ಬೀರುವಿನ ಕೀಲಿ ಕೊರೆದುಕೊಟ್ಟ.

ಊಟಕ್ಕೆ ಕೂತಾಗ ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ನೋಡಿದ. ಸ್ವಚ್ಛವಾಗಿದ್ದವು. ದಿನಕ್ಕೆ ನೂರು ಸಲ ಕೈ ತೊಳೆಯುವವಳು, ಇವಳನ್ನು ನಂಬುವುದು ಹೇಗೆ ಅಂದುಕೊಳ್ಳುತ್ತಿರುವಾಗಲೇ ಮಾವ ನೀರಿನ ಲೋಟ ಕುಡಿದು ಕೆಳಗಿಟ್ಟರು. ಲೋಟದ ಹೊಟ್ಟೆಯ ಮೇಲೆ ಒಂದು ಕಪ್ಪು ಹೆಬ್ಬೆರಳು ಮೂಡಿತ್ತು.

ಅವನು ಎತ್ತಿದ ತುತ್ತನ್ನು ತಟ್ಟೆಗೆ ಬಿಟ್ಟ. ತಲೆ ಎತ್ತಿ ಬಾಗಿಲ ಕಡೆ ನೋಡಿದ. ಗೂಡಿನಲ್ಲಿ ಮಾವನ ಬಿಳಿ ಬಾರಿನ ಚಪ್ಪಲಿ ಎಂದಿನ ಹಾಗೆ ತಿರುಗಿ ಕೂತಿತ್ತು, ಮೂತಿ ರಸ್ತೆಗೆ. ಬಸ್ಸನ್ನು ಡಿಪೋದಲ್ಲಿ ಹಿಂದಕ್ಕೆ ತೆಗೆದು ಮುಖ ಹೊರಗೆ ಮಾಡಿಯೇ ನಿಲ್ಲಿಸಬೇಕು, ಕರೆ ಬಂದರೆ ತಕ್ಷಣ ಹೊರಡಬೇಕು ನೋಡು ಅಂತ ಮದುವೆಯಾದ ಹೊಸದರಲ್ಲಿ ಅವರೇ ಹೇಳಿದ್ದರು. ಚಪ್ಪಲಿ, ಛತ್ರಿ, ಕುರ್ಚಿ, ಆ ಮನುಷ್ಯ ಏನನ್ನೇ ಇಟ್ಟರೂ ಹೊರಮುಖ. ಕುದುರೆಯೂ ಅಷ್ಟೇ. ಐದು ದಿನ ಕಣ್ಣೆದುರೇ ಇದ್ದದ್ದು ತನಗೆ ಹೊಳೆಯಲಿಲ್ಲವಲ್ಲ ಅಂತ ಅವನು ತನ್ನನ್ನೇ ಬೈದುಕೊಂಡ. ಹೆಂಡತಿಗೆ ಏನೂ ಹೇಳಲಿಲ್ಲ. ಮಾಲು ಸಮೇತ ಹಿಡಿಯಬೇಕು ಅಂತ ತೀರ್ಮಾನಿಸಿದ. ಹೋಗುವ ಮುಂಚೆ ನನ್ನ ಆಟ ಹಾಳು ಮಾಡಿ ಸೇಡು ತೀರಿಸಿಕೊಳ್ಳುತ್ತಿದ್ದಾರೆ, ಇದು ಅದೇ ಅಂದುಕೊಂಡ.

ಶುಕ್ರವಾರ ಹನ್ನೊಂದಕ್ಕೆ ಅಂಗಡಿ ಮುಚ್ಚಿ ಬಂದ. ತನ್ನ ಮನೆಯ ಬೀಗವನ್ನು ಸದ್ದಿಲ್ಲದೆ ತೆಗೆಯುವುದು ಅವನಿಗೆ ಕಷ್ಟವೇ?

ಮಾವ ತಮ್ಮ ಕುರ್ಚಿಯಲ್ಲಿರಲಿಲ್ಲ. ಅಡುಗೆಮನೆಯ ಸ್ಟೂಲು ತಂದು ಟಿವಿಯೆದುರು ನೆಟ್ಟಗೆ ಕೂತಿದ್ದರು, ಕನ್ನಡಕ ಮೂಗಿನ ತುದಿಯಲ್ಲಿ. ಕಂಟ್ರೋಲರನ್ನು ಎರಡೂ ಕೈಯಲ್ಲಿ ಸ್ಟೇರಿಂಗಿನ ಹಾಗೆ ಹಿಡಿದಿದ್ದರು. ತಿರುವು ಬಂದಾಗ ಅವರ ಮೈಯೂ ಆ ಕಡೆ ವಾಲುತ್ತಿತ್ತು. ಕೆಂಪಿ ಕುದುರೆಯ ಮೇಲೆ ಗುಡಿಸಲಿನ ಅಂಗಳಕ್ಕೆ ಬಂದಿದ್ದಳು.

"ಹಿಂದೆ, ಹಿಂದೆ, ಹಿಂದೆ. ಸ್ವಲ್ಪ ಎಡಕ್ಕೆ. ಸಾಕಮ್ಮಾ, ಇಳಿ," ಅಂದರು ಮಾವ. ಕೆಂಪಿ ಇಳಿದಳು. "ನಡಿ ಒಳಗೆ. ರಕ್ತ ನೋಡು ಹೇಗೆ ಹೋಗಿದೆ. ಮಹಾರಾಯ ಹಾಗೇ ಬಿಟ್ಟು ಹೋಗಿದಾನೆ ಇವತ್ತೂ."

"ಇದನ್ನ ನಿಮಗೆ ಯಾರು ಹೇಳಿಕೊಟ್ರು?"

ಒಂಬತ್ತು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಮಾವ ಬೆಚ್ಚಲಿಲ್ಲ, ತಿರುಗಲೂ ಇಲ್ಲ. ಕೆಂಪಿಯನ್ನು ಮಂಚದ ಮೇಲೆ ಮಲಗಿಸಿ, ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡರು.

"ಬಾಗಿಲು ಸದ್ದಾಗಲಿಲ್ಲ," ಅಂದರು. "ನಿನ್ನ ಹಿಂದೆ ಕೂತು ವರ್ಷದಿಂದ ನೋಡ್ತಿದೀನಲ್ಲ. ಯಾರು ಹೇಳಿಕೊಡಬೇಕು?"

"ಪೇಪರ್ ಓದ್ತಿದ್ರಲ್ಲ ನೀವು."

"ಪೇಪರ್ ಓದೋಕೆ ಮೂರು ಗಂಟೆ ಬೇಕಾ?"

"ನನ್ನ ಮೇಲಿನ ಸಿಟ್ಟನ್ನ ಅವಳ ಮೇಲೆ ಯಾಕೆ ತೀರಿಸ್ಕೋತೀರಿ? ಅವಳನ್ನ ನಾನು ಹೇಗೆ ಬೆಳೆಸಿದೀನಿ ಗೊತ್ತಾ? ಊರಿನವರ ಕಾಗದ ಹೊರೋಳಲ್ಲ ಅವಳು."

"ಬೆಳೆಸಿದೀಯ. ಒಪ್ಪಿದೆ." ಮಾವ ಕನ್ನಡಕ ತೆಗೆದು ಒರೆಸಿದರು. "ನೀನು ಎದ್ದು ಹೋಗುವಾಗ ಅವಳು ಎಲ್ಲಿರ್ತಾಳೆ ಅಂತ ಒಂದು ದಿನ ನೋಡಿದೆ. ಚಳೀಲಿದ್ಲು. ಮಾರನೇ ದಿನ ನೋಡಿದೆ, ಕಾಲು ಮುರಿದು ಹಳ್ಳದಲ್ಲಿದ್ಲು. ನಿನಗೆ ಹೊತ್ತಾಯಿತು, ನೀನು ಟಪ್ ಅಂತ ಆರಿಸಿದೆ, ಹೋದೆ."

"ಅದು ಆಟ, ಮಾವ."

"ಆಟಾನೇ. ನನಗೇನು ಅಷ್ಟೂ ತಿಳಿಯಲ್ವಾ? ಬಸ್ಸಿಗೂ ಜೀವ ಇರಲಿಲ್ಲ. ಡ್ಯೂಟಿ ಮುಗೀತು ಅಂತ ನಡುರಸ್ತೇಲಿ ಬಿಟ್ಟು ಮನೆಗೆ ಹೋಗಿಲ್ಲ ನಾನು."

ಮಾವ ಎದ್ದು ಸ್ಟೂಲನ್ನು ಅಡುಗೆಮನೆಗೆ ಒಯ್ದಿಟ್ಟರು. ತಮ್ಮ ಕೋಣೆಯ ಬಾಗಿಲ ತನಕ ಹೋದವರು ನಿಂತರು.

"ಸಿಟ್ಟಿಗೆ ಮಾಡಲಿಲ್ಲ," ಅಂದರು. "ಭಾನುವಾರ ಹೋಗೋನು ನಾನು. ಅದಕ್ಕೆ ಮುಂಚೆ ತಿಳ್ಕೋಬೇಕಿತ್ತು. ಪ್ರೀತಿ ಇರೋದನ್ನೇ ಇವನು ಹೀಗೆ ಬಿಟ್ಟು ಹೋಗೋನಾದ್ರೆ, ಮಗಳನ್ನ ಯಾರ ಕೈಲಿ ಬಿಟ್ಟು ಹೋಗ್ತಿದೀನಿ ಅಂತ."

ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಬೀಗದವನಿಗೆ ಮೊದಲು ಸಿಟ್ಟು ಬಂತು. ಪೊಲೀಸರು ಕೂರಿಸಿಕೊಂಡದ್ದು ಎರಡೇ ಗಂಟೆ, ಈ ಮನುಷ್ಯ ನನ್ನ ಬೆನ್ನ ಹಿಂದೆ ಕೂತು ಒಂದು ವರ್ಷ ವಿಚಾರಣೆ ಮಾಡಿದ್ದಾನೆ ಅಂದುಕೊಂಡ. ಆಮೇಲೆ ತಾನು ಊಟದ ಹೊತ್ತಿನಲ್ಲಿ ಹೆಂಡತಿಯ ಬೆರಳು ಎಣಿಸಿದ್ದು ನೆನಪಾಯಿತು. ಅವಳ ಉಳುಕಿದ ಕಾಲು ನೆನಪಾಯಿತು, ಅದು ಎಡಗಾಲೋ ಬಲಗಾಲೋ ನೆನಪಾಗಲಿಲ್ಲ. ಟಿವಿಯಲ್ಲಿ ಕೆಂಪಿ ಗೋಡೆ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದಳು. ಅವಳು ಮಲಗಿದ್ದನ್ನು ಅವನು ನೋಡಿದ್ದು ಅದೇ ಮೊದಲು.

ಶನಿವಾರ ಬೆಳಗ್ಗೆ ಎಂದಿನ ಹಾಗೆ ಆಡಲು ಕೂತ. ಹಿಂದೆ ಪೇಪರಿನ ಸದ್ದು ಎಂದಿನ ಹಾಗೆಯೇ ಇತ್ತು. ಎಂಟೂವರೆಗೆ ಫೋನ್ ಬಂತು. ಬಾಗಿಲು ತಾನಾಗಿ ಹಾಕಿಕೊಂಡು ಟೀಚರೊಬ್ಬಳು ಹೊರಗೆ ಉಳಿದಿದ್ದಳು, ಒಳಗೆ ಅವಳ ಎರಡು ವರ್ಷದ ಮಗು. ಆ ಹೊತ್ತಿಗೆ ಕೆಂಪಿ ಸೇತುವೆಯ ಮೇಲಿದ್ದಳು. ಎದುರಿಗೆ ನಾಲ್ಕು ತೋಳ, ಪ್ರಾಣ ಕಾಲುಭಾಗ ಉಳಿದಿತ್ತು.

"ಬಂದೆ," ಅಂದ ಅವನು.

ಹಿಂದೆ ಪೇಪರಿನ ಸದ್ದು ನಿಂತಿತು.

ಅವನು ಎದ್ದ. ತಿರುಗಿ ನೋಡದೆ ಕಂಟ್ರೋಲರನ್ನು ಹಿಂದಕ್ಕೆ ಚಾಚಿದ. "ಮಾವ, ಇವಳನ್ನ ಸ್ವಲ್ಪ ಮನೆ ಸೇರಿಸಿ."

"ಹೊಡೆದಾಟ ನನಗೆ ಬರಲ್ಲಪ್ಪ."

"ಹೊಡೀಬೇಡಿ. ಕುದುರೆ ಹತ್ತಿಸ್ಕೊಂಡು ಬಂದುಬಿಡಿ."

ಕಂಟ್ರೋಲರು ಅವನ ಕೈಯಿಂದ ಹೋಯಿತು. ಅವನು ಸಲಕರಣೆಯ ಚೀಲ ತಗೊಂಡು ಮೆಟ್ಟಿಲು ಎರಡೆರಡೇ ಇಳಿದ.

ಭಾನುವಾರ ಹತ್ತೂವರೆಗೆ ಭಾವನ ಕಾರು ಬರುವುದಿತ್ತು. ಮಾವನ ಚೀಲ ಬಾಗಿಲ ಪಕ್ಕದಲ್ಲಿತ್ತು, ಹಿಡಿ ಹೊರಮುಖವಾಗಿ. ಹೆಂಡತಿ ಬೆಳಗ್ಗಿನಿಂದ ಒಂದೇ ಪಾತ್ರೆಯನ್ನು ಮೂರು ಸಲ ತೊಳೆದಿದ್ದಳು. ಬೀಗದವನು ಬೇಗನೆ ಅಂಗಡಿಗೆ ಹೋಗಿ ಯಾರದೋ ತುಕ್ಕು ಹಿಡಿದ ಬೀಗ ಬಿಚ್ಚಿ ಗ್ರಾಫೈಟ್ ಪುಡಿ ಹಾಕಿ ಬಂದಿದ್ದ. ಬಂದವನು ಬಾಗಿಲಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಬಗ್ಗಿದ್ದ. ಆಮೇಲೆ ಒಳಗೆ ಹೋಗಿ ನೀರು ಕುಡಿಯುತ್ತಾ, ಇರಿ ಅನ್ನುವ ಎರಡಕ್ಷರ ಬಾಯಿಗೆ ಬರುವುದನ್ನೇ ಕಾಯುತ್ತಾ ನಿಂತ. ಅದು ಬರಲಿಲ್ಲ.

ಕೆಳಗೆ ಹಾರ್ನ್ ಕೇಳಿಸಿತು. ಮಾವ ಶರಟಿನ ಗುಂಡಿ ಹಾಕಿಕೊಳ್ಳುತ್ತಾ ಬಾಗಿಲಿಗೆ ಬಂದು ಚಪ್ಪಲಿಗೆ ಕಾಲು ಚಾಚಿದರು. ಕಾಲು ಬಾರಿನೊಳಗೆ ಹೋಗಲಿಲ್ಲ. ಬಗ್ಗಿ ನೋಡಿದರು. ಚಪ್ಪಲಿ ಅಲ್ಲೇ ಇತ್ತು, ಆದರೆ ಮೂತಿ ಮನೆಯೊಳಕ್ಕೆ ತಿರುಗಿತ್ತು.

"ಯಾರು ತಿರುಗಿಸಿದ್ದು ಇದನ್ನ?"

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಮಾವ ಕನ್ನಡಕ ಹಾಕಿಕೊಂಡು ಒಂದು ಚಪ್ಪಲಿಯನ್ನು ಕೈಗೆತ್ತಿಕೊಂಡರು. ಬಿಳಿ ಬಾರಿನ ಮೇಲೆ ಕಪ್ಪಗೆ, ಗೆರೆಗೆರೆಯಾಗಿ, ಒಂದು ಹೆಬ್ಬೆರಳು ಮೂಡಿತ್ತು. ಅದನ್ನು ತಮ್ಮ ಬೆರಳಿಂದ ಉಜ್ಜಿ ನೋಡಿದರು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

ಕೆಳಗೆ ಇನ್ನೊಮ್ಮೆ ಹಾರ್ನ್ ಆಯಿತು. ಮಾವ ಚಪ್ಪಲಿಯನ್ನು ಮತ್ತೆ ಗೂಡಿನಲ್ಲಿಟ್ಟರು, ಇದ್ದ ಹಾಗೆಯೇ, ಇನ್ನೊಂದರ ಪಕ್ಕಕ್ಕೆ ಸರಿಯಾಗಿ ಜೋಡಿಸಿ.